ಶನಿವಾರದ ಓದುಗಾರ್ತಿ

ಬೈಲಹೊಂಗಲದ ಬಜಾರದ ಹಿಂದಿನ ಓಣಿಯಲ್ಲಿ ಹಿಟ್ಟಿನ ಗಿರಣಿ ನಡೆಸುವ ಮಹಾನಂದಾಳ ಬಗ್ಗೆ ಒಳ್ಳೆಯ ಮಾತಾಡುವವರು ಕಡಿಮೆ. ಗಿರಣಿಗೆ ಬರುವ ಹೆಂಗಸರೇ ಆಕೆಗೆ ಹೆದರುತ್ತಾರೆ. ಜೋಳದಲ್ಲಿ ಹರಳು ಕಂಡರೆ ಡಬ್ಬಿಯನ್ನು ಹಾಗೇ ವಾಪಸು ಕೊಟ್ಟು, "ಹಸನ ಮಾಡ್ಕೊಂಡ ಬರ್ರಿ, ಗಿರಣಿ ಕಲ್ಲ ನಿಮ್ಮ ಮಾವ ತಂದು ಕೊಟ್ಟಿಲ್ಲ" ಅನ್ನುವ ಬಾಯಿ ಆಕೆಯದು. ಗಂಡ ಮುತ್ತಪ್ಪ ಎದುರಾಡುವವನಲ್ಲ. ಮೋಟಾರು ಚಾಲೂ ಮಾಡಿ ಮೂಲೆಯ ಸ್ಟೂಲಿನ ಮೇಲೆ ಕೂತುಬಿಡುತ್ತಾನೆ.

ತವರು ಸಿರಸಂಗಿ. ಅಪ್ಪ ತೀರಿಕೊಂಡ ವರ್ಷವೇ ಆಕೆ ಹೊಲದಲ್ಲಿ ತನ್ನ ಪಾಲು ಕೇಳಿದಳು. ಅಣ್ಣಂದಿರು ಇಬ್ಬರು, ಬಸವಣ್ಣೆಪ್ಪ ಮತ್ತು ಲಕ್ಷ್ಮಣ. ಮಾತಾಡುವವನು ದೊಡ್ಡವನು.

"ಅಪ್ಪ ಇದ್ದಾಗನ ನಮ್ಮಿಬ್ಬರಿಗೂ ಪಾಲು ಮಾಡಿ ಕೊಟ್ಟಾನ. ಬಾಯಿಮಾತಂದ್ರೂ ಅಪ್ಪನ ಮಾತು," ಎಂದ ಬಸವಣ್ಣೆಪ್ಪ. "ನಿನಗ ಲಗ್ನಾ ಮಾಡಿ ಕೊಟ್ಟೀವಿ. ಮತ್ತೇನ ಬೇಕು?"

"ಲಗ್ನಾ ನಿಂದೂ ಆಗೇತಿ ಅಣ್ಣಾ. ಹಂಗಾರ ನಿನ್ನ ಪಾಲೂ ಬಿಡು."

ಆ ವರ್ಷದಿಂದ ಪಂಚಮಿಗೆ ಕರೆಯಲು ತವರಿನಿಂದ ಯಾರೂ ಬರಲಿಲ್ಲ. ಮಹಾನಂದಾ ಸವದತ್ತಿ ಕೋರ್ಟಿನಲ್ಲಿ ದಾವೆ ಹಾಕಿದಳು. ವಕೀಲರು ರಾಜೇಶ್ವರಿ ಅಂತ, ಕೈತುಂಬ ಕೇಸಿದ್ದವರು. ಏನು ಕೇಳಿದರೂ "ನಾ ನೋಡ್ಕೋತೀನಿ ಬಿಡ್ರಿ" ಅನ್ನುವರು. ತನ್ನ ಹೊಲದ ವಿಷಯವನ್ನು ಬೇರೆಯವರು ನೋಡಿಕೊಳ್ಳುವುದು, ತಾನು ಹೊರಗೆ ಬೇವಿನ ಮರದ ಕೆಳಗೆ ಕೂತು ಮುಂದಿನ ತಾರೀಕು ಕೇಳಿಕೊಂಡು ಬಸ್ಸು ಹತ್ತುವುದು. ಇದು ಮಹಾನಂದಾಳಿಗೆ ಸೇರಲಿಲ್ಲ.

ಬೈಲಹೊಂಗಲದ ಹೊರಗೆ ವಿಶ್ವವಿದ್ಯಾಲಯದ್ದೊಂದು ಕಾನೂನು ಕಾಲೇಜು ಇತ್ತು. ಅದರ ಗೇಟಿನಲ್ಲಿ ಒಂದು ಹೊಸ ಬೋರ್ಡು ಬಂತು: "ಕಾನೂನು ಗ್ರಂಥಾಲಯ. ಪ್ರತಿ ಶನಿವಾರ ಸಾರ್ವಜನಿಕರಿಗೆ ಪ್ರವೇಶವಿದೆ." ಬೆಂಗಳೂರಿನಿಂದ ತಪಾಸಣೆಗೆ ಬರುವವರು ಓದಲಿ ಎಂದು ಹಾಕಿದ್ದ ಬೋರ್ಡು ಅದು. ಸಾರ್ವಜನಿಕರು ಓದಿಬಿಟ್ಟಾರು ಎಂದು ಯಾರೂ ಅಂದುಕೊಂಡಿರಲಿಲ್ಲ. ಮುಂದಿನ ಶನಿವಾರ ಮಹಾನಂದಾ ಸೀರೆಗೆ ಅಂಟಿದ್ದ ಹಿಟ್ಟು ಝಾಡಿಸಿಕೊಂಡು ಹೋಗಿ ಗ್ರಂಥಪಾಲ ಮಹಾದೇವನ ಟೇಬಲ್ಲಿನ ಮುಂದೆ ನಿಂತಳು.

ಮಹಾದೇವ ತಲೆ ಎತ್ತದೆ, "ಅಡ್ಮಿಶನ್ ಆಫೀಸ್ ಆ ಕಡೆ ಐತಿ," ಎಂದ.

"ನಾ ಓದಾಕ ಬಂದೇನ್ರಿ. ಹೆಣ್ಮಕ್ಕಳ ಪಾಲಿನ ಕಾಯ್ದೆ ಬೇಕಾಗಿತ್ತು. ಕನ್ನಡದಾಗ."

ಆಗ ತಲೆ ಎತ್ತಿದ. "ನೀವು ಯಾರ?"

"ಸಾರ್ವಜನಿಕರು."

ಅಂದಿನಿಂದ ಇಬ್ಬರಿಗೂ ಆಗಿಬರಲಿಲ್ಲ. ಮಹಾದೇವ ಆಕೆಯ ಚೀಲ, ಚಪ್ಪಲಿ ಎರಡನ್ನೂ ಹೊರಗೆ ಬಿಡಿಸಿದ. ಚಪ್ಪಲಿ ಬಿಡುವ ನಿಯಮ ಬೇರೆ ಯಾರಿಗೂ ಇರಲಿಲ್ಲ. ಮಾಳಿಗೆ ಮುಟ್ಟುವ ತನಕ ಇಂಗ್ಲಿಷ್ ತೀರ್ಪುಗಳ ದಪ್ಪ ಸಂಪುಟಗಳು, ಬಾಗಿಲ ಹಿಂದೆ ಒಂದೇ ಒಂದು ಕಪಾಟು ಕನ್ನಡದ್ದು. ಅದರಿಂದ ತೆಳ್ಳನೆಯ ಪುಸ್ತಕವೊಂದನ್ನು ತೆಗೆದು ಟೇಬಲ್ಲಿನ ಮೇಲೆ ಒಗೆದ. ಆಕೆ ಕೂತ ಕಡೆ ಫ್ಯಾನು ಬಂದ್ ಮಾಡಿದ. ನಾಲ್ಕು ಕಂಪ್ಯೂಟರಿದ್ದವು, ದೇಶದ ಎಲ್ಲ ಕೋರ್ಟಿನ ತೀರ್ಪೂ ಅವುಗಳಲ್ಲಿ ಸಿಗುತ್ತದೆಂದು ಗೋಡೆಯ ಮೇಲೆ ಬರೆದಿತ್ತು. ಆಕೆ ಕೇಳಿದರೆ, "ಅವು ಹುಡುಗರಿಗೆ." ಝೆರಾಕ್ಸ್ ಕೇಳಿದರೆ, "ಮಿಷಿನ್ ಕೆಟ್ಟೈತಿ." ಐದು ನಿಮಿಷಕ್ಕೆ ಅದೇ ಮಿಷಿನ್ನಿನಲ್ಲಿ ಒಬ್ಬ ಹುಡುಗ ತನ್ನ ಹಾಲ್ ಟಿಕೆಟ್ ತೆಗೆಸಿಕೊಂಡ.

"ಈಗ ಹೆಂಗ ಚಾಲೂ ಆತ್ರಿ?" ಎಂದು ಆಕೆ ಇಡೀ ಹಾಲಿಗೆ ಕೇಳಿಸುವಂತೆ ಕೇಳಿದಳು.

"ಇದು ಗ್ರಂಥಾಲಯ. ನಿಮ್ಮ ಗಿರಣಿ ಅಲ್ಲ. ದನಿ ಸಣ್ಣ ಮಾಡ್ರಿ."

"ನನ್ನ ಗಿರಣ್ಯಾಗ ಮಂದಿ ಮಾರಿ ನೋಡಿ ಮಿಷಿನ್ ಕೆಡಂಗಿಲ್ಲ."

ಆಕೆ ಶನಿವಾರ ತಪ್ಪಿಸಲಿಲ್ಲ. ಆ ಪುಸ್ತಕದ ಭಾಷೆ ಸಲೀಸಾಗಿರಲಿಲ್ಲ. ಒಂದೊಂದು ವಾಕ್ಯವನ್ನು ನಾಲ್ಕು ಸಲ ಓದಬೇಕಾಗುತ್ತಿತ್ತು, ಸಿಟ್ಟು ಬಂದು ಮುಚ್ಚಿಡುತ್ತಿದ್ದಳು, ಮತ್ತೆ ತೆಗೆಯುತ್ತಿದ್ದಳು. ಬಾಯಿಮಾತಿನ ಪಾಲು ಸುಲಭಕ್ಕೆ ನಡೆಯುವುದಿಲ್ಲ, ನೋಂದಣಿಯೋ ಕೋರ್ಟಿನ ಡಿಕ್ರಿಯೋ ಬೇಕು ಎಂಬಷ್ಟು ತಿಳಿಯಿತು. ತಿಳಿದಿದ್ದು ಸರಿಯೋ ತಪ್ಪೋ ಎಂಬ ಅಳುಕು ಉಳಿದೇ ಇತ್ತು.

ಈ ಸುದ್ದಿ ಸಿರಸಂಗಿಗೂ ಮುಟ್ಟಿತು. ಒಂದು ಶನಿವಾರ ಬಸವಣ್ಣೆಪ್ಪನೇ ಗ್ರಂಥಾಲಯಕ್ಕೆ ಬಂದ. ತಂಗಿ ಕೂತಲ್ಲಿಗೆ ಬರಲಿಲ್ಲ. ಮಹಾದೇವನ ಟೇಬಲ್ಲಿಗೆ ಎರಡೂ ಕೈಯೂರಿ, ಆಕೆಗೆ ಕೇಳಿಸುವಂತೆಯೇ ಹೇಳಿದ.

"ಇಂಥಾಕಿನ್ನ ಒಳಗ ಬಿಟ್ಟು ಮಂದಿ ಮನಿ ಯಾಕ ಒಡೀತೀರಿ? ಹೊರಗ ಹಾಕ್ರಿ. ನಿಮ್ಮ ಪ್ರಿನ್ಸಿಪಾಲರು ನಮಗ ಗೊತ್ತಿದ್ದವರು."

ಮಹಾದೇವ ಅವನನ್ನು ಮೇಲಿಂದ ಕೆಳಗೆ ನೋಡಿದ. "ಅಕಿನ್ನ ಹೊರಗ ಹಾಕಬೇಕಂತ ನನಗೂ ಭಾಳ ಐತಿ. ಆದ್ರ ನೀವು ಹೇಳಿದ್ರಂತ ಹಾಕಾಕ ನಾ ನಿಮ್ಮ ಹೊಲದಾಗಿನ ಆಳಲ್ಲ. ಚಪ್ಪಲಿ ಹೊರಗ ಬಿಡ್ರಿ."

ಬಸವಣ್ಣೆಪ್ಪ ಹೋದ. ಮಹಾನಂದಾ ಪುಸ್ತಕದ ಹಾಳೆ ತಿರುವಿದಳು. ಮಹಾದೇವ ಫ್ಯಾನು ಹಾಕಲಿಲ್ಲ.

ಆ ಕಟ್ಟಡದಲ್ಲಿ ಆಕೆಗೆ ಕುರ್ಚಿ ಕೊಟ್ಟು ಮಾತಾಡಿಸಿದವಳು ಒಬ್ಬಳೇ, ಮೀನಾ. ಕೊನೆಯ ವರ್ಷದ ವಿದ್ಯಾರ್ಥಿನಿ, ರಾಮದುರ್ಗದ ಕಡೆಯವಳು. ಗ್ರಂಥಾಲಯದ ಪಡಸಾಲೆಯಲ್ಲಿ ವಿದ್ಯಾರ್ಥಿಗಳು ಉಚಿತ ಕಾನೂನು ಸಲಹೆಯ ಟೇಬಲ್ಲು ಹಾಕಿದ್ದರು. ಮೀನಾ ಚಹಾ ತರಿಸಿದಳು. ಕಂಪ್ಯೂಟರಿನ ಮುಂದೆ ತನ್ನ ಪಕ್ಕದಲ್ಲೇ ಕೂರಿಸಿಕೊಂಡು ದೊಡ್ಡ ಕೋರ್ಟು ಏನು ಹೇಳಿದೆ ಎಂದು ಕನ್ನಡದಲ್ಲಿ ಬಿಡಿಸಿ ಹೇಳಿದಳು.

"ಎಲ್ಲಾ ಹೇಳ್ರಿ ಅಕ್ಕಾರ. ನಮ್ಮ ಮುಂದ ಹೇಳಿದ್ದು ಹೊರಗ ಹೋಗಂಗಿಲ್ಲ," ಎಂದಳು.

ಅಷ್ಟು ಮೆತ್ತಗೆ ಯಾರಾದರೂ ಮಾತಾಡಿ ಬಹಳ ದಿನಗಳಾಗಿದ್ದವು. ರಾಜೇಶ್ವರಿ ವಕೀಲರಿಗೂ ಹೇಳದಿದ್ದ ಒಂದನ್ನು ಮಹಾನಂದಾ ಆ ಹುಡುಗಿಗೆ ಹೇಳಿದಳು. ಅಪ್ಪ ಹಿರಿಯರನ್ನು ಕೂಡಿಸಿ ಗಂಡುಮಕ್ಕಳಿಗೆ ಹೊಲ ಹಂಚಿದ ದಿನ ತಾನೂ ಆ ಮನೆಯಲ್ಲೇ ಇದ್ದೆ. ಬಂದವರಿಗೆ ಹೋಳಿಗೆ ಬಡಿಸಿದೆ. ಎಲ್ಲಾ ಕೇಳಿಸಿತು, ಬಾಯಿ ತೆರೆಯಲಿಲ್ಲ. ಬಡಿಸುವವಳನ್ನು ಅಣ್ಣಂದಿರು ನೆನಪಿಟ್ಟಿಲ್ಲ, ಕೇಸಿನಲ್ಲಿ ಇನ್ನೂ ಅದನ್ನು ಎತ್ತಿಲ್ಲ.

ಚಳಿಗಾಲದ ಒಂದು ಶನಿವಾರ ಹೋದಾಗ ಓದುವ ಹಾಲಿನ ಟೇಬಲ್ಲುಗಳನ್ನೆಲ್ಲ ಗೋಡೆಗೆ ಸರಿಸಿದ್ದರು. ಎದುರಿಗೆ ಬ್ಯಾನರು: "ಅಣಕು ನ್ಯಾಯಾಲಯ ಸ್ಪರ್ಧೆ."

"ಇವತ್ತ ಓದಾಕ ಇಲ್ಲ. ಕಾರ್ಯಕ್ರಮ ಐತಿ," ಎಂದ ಮಹಾದೇವ.

"ಬೋರ್ಡಿನ್ಯಾಗ ಶನಿವಾರ ಅಂತ ಐತಿ," ಎಂದು ಆಕೆ ಹಿಂದಿನ ಸಾಲಿನಲ್ಲಿ ಕೂತಳು.

ನ್ಯಾಯಾಧೀಶರ ಕುರ್ಚಿಯಲ್ಲಿ ಅತಿಥಿಯಾಗಿ ಕೂತಿದ್ದವರನ್ನು ನೋಡಿ ಮೈ ಉರಿಯಿತು. ಯಮನಪ್ಪ ವಕೀಲರು, ಸವದತ್ತಿಯಲ್ಲಿ ಆಕೆಯ ಅಣ್ಣಂದಿರ ವಕೀಲರು. ಹುಡುಗರು ವಾದ ಶುರು ಮಾಡಿದರು. ಒಬ್ಬಳು ಮಗಳು, ಇಬ್ಬರು ಅಣ್ಣಂದಿರು, ಬಾಯಿಮಾತಿನ ಪಾಲು. ಊರು, ಹೆಸರು ಬೇರೆ, ಉಳಿದದ್ದೆಲ್ಲ ಆಕೆಯದೇ. ಸಲಹೆಯ ಟೇಬಲ್ಲಿನಲ್ಲಿ ಬರೆದುಕೊಂಡದ್ದನ್ನೇ ಮಾಸ್ತರರು ಸ್ಪರ್ಧೆಯ ಪ್ರಶ್ನೆ ಮಾಡಿದ್ದರು. ಅಣ್ಣಂದಿರ ಪರವಾಗಿ ಕಪ್ಪು ಕೋಟು ಹಾಕಿಕೊಂಡು ಎದ್ದವಳು ಮೀನಾ.

"ಸ್ವಾಮಿ, ವಾದಿಯು ಪಾಲು ಹಂಚಿದ ದಿನ ಅದೇ ಮನೆಯಲ್ಲಿದ್ದಳು. ಬಂದ ಹಿರಿಯರಿಗೆ ತನ್ನ ಕೈಯಾರೆ ಹೋಳಿಗೆ ಬಡಿಸಿದಳು. ಅಂದು ಒಪ್ಪಿ ಸುಮ್ಮನಿದ್ದವಳು ಇಂದು ಆಸೆಗೆ ಬಿದ್ದು ನ್ಯಾಯಾಲಯಕ್ಕೆ ಬಂದಿದ್ದಾಳೆ."

ಯಮನಪ್ಪ ವಕೀಲರು ಪೆನ್ನಿನ ಟೋಪಿ ತೆಗೆದು ಮುಂದಿದ್ದ ಹಾಳೆಯ ಮೇಲೆ ಏನೋ ಬರೆದುಕೊಂಡರು.

ಮಹಾನಂದಾ ಎದ್ದು ನಿಂತಳು. "ಅದು ನನ್ನ ಮಾತು. ನಿನಗಷ್ಟ ಹೇಳಿದ್ನಿ."

ಮೀನಾಳ ಮುಖ ಕೆಂಪಾಯಿತು. ಪ್ರಿನ್ಸಿಪಾಲರು ಕೈಸನ್ನೆ ಮಾಡಿದರು. ಮಹಾದೇವ ಬಂದು ದಾರಿ ತೋರಿಸುತ್ತ, "ನಡೀರಿ ಹೊರಗ. ಸ್ಪರ್ಧಾ ಕೆಡಸಬ್ಯಾಡ್ರಿ," ಎಂದ.

ಪಡಸಾಲೆಗೆ ಮೀನಾ ಓಡಿ ಬಂದಳು. "ನಿಮ್ಮ ಹೆಸರು ಎಲ್ಲೂ ಹಾಕಿಲ್ರಿ ಅಕ್ಕಾರ. ಚೀಟಿ ಎತ್ತಿದಾಗ ನನಗ ಆ ಕಡೆ ಬಂತು. ಇದು ಬರೇ ಅಭ್ಯಾಸ."

"ಹೆಸರ ಯಾಕ ಬೇಕು? ಒಳಗ ಕುಂತಾಂವ ನಮ್ಮ ಅಣ್ಣನ ವಕೀಲ."

"ಅದು ನನಗ ಗೊತ್ತಿರಲಿಲ್ರಿ."

"ಆಸೀಗೆ ಬಿದ್ದು ಬಂದಾಳ ಅಂದೆಲ್ಲ, ಅದನ್ನ ನಾ ಯಾವಾಗ ಹೇಳಿದ್ನಿ?"

ಮೀನಾ ಕೋಟು ಸರಿಮಾಡಿಕೊಂಡು ಒಳಗೆ ಹೋದಳು. ಆ ದಿನದ ಉತ್ತಮ ವಾದದ ಬಹುಮಾನ ಅವಳಿಗೇ ಬಂತು.

ಮಹಾನಂದಾ ಪ್ರಿನ್ಸಿಪಾಲರಿಗೂ ವಿಶ್ವವಿದ್ಯಾಲಯಕ್ಕೂ ದೂರು ಕೊಟ್ಟಳು. ಸಲಹೆಯ ಟೇಬಲ್ಲು ಎತ್ತಿದರು. ಅದರ ಜೊತೆಗೆ ಗೇಟಿನ ಬೋರ್ಡೂ ಹೋಯಿತು. ತಪಾಸಣೆ ಅಷ್ಟರಲ್ಲಿ ಮುಗಿದಿತ್ತು. ಮರುವಾರ ಕಾವಲುಗಾರ ಆಕೆಯನ್ನು ಗೇಟಿನಲ್ಲೇ ತಡೆದ. ಒಳಗಿನಿಂದ ಮಹಾದೇವ ನೋಡಿದ, ನೋಡಿ ಕಿಟಕಿ ಹಾಕಿಕೊಂಡ.

ರಾಜೇಶ್ವರಿ ವಕೀಲರು ಸುದ್ದಿ ಕೇಳಿ ಕೆಂಡವಾದರು. "ನನ್ನ ಮುಂದ ಮುಚ್ಚಿಟ್ಟಿದ್ದನ್ನ ಕಾಲೇಜ ಹುಡುಗಿ ಮುಂದ ಬಿಚ್ಚೀರಿ. ಇನ್ನ ಯಮನಪ್ಪ ಬಿಡತಾರೇನು?"

"ಅವತ್ತ ಅಲ್ಲಿ ಇದ್ದಿದ್ದಿಲ್ಲ ಅಂದು ಬಿಡು," ಎಂದ ಗಂಡ ಮುತ್ತಪ್ಪ, ಮನೆಯಲ್ಲಿ. "ನೋಡಿದ ಹಿರಿಯರು ಈಗ ಯಾರ ಉಳದಾರ?"

ಆಕೆಗೂ ಹಾಗೆ ಅನ್ನಿಸದೇ ಇರಲಿಲ್ಲ. ಸವದತ್ತಿಯ ಬಸ್ಸಿನಲ್ಲಿ ಇಡೀ ದಾರಿ ಆ ಸುಳ್ಳನ್ನು ಬಾಯಲ್ಲಿ ತಿರುಗಿಸಿ ತಿರುಗಿಸಿ ನೋಡಿದಳು. ಕಟಕಟೆ ಹತ್ತಿದಾಗ ಎದುರಿಗೆ ಬಸವಣ್ಣೆಪ್ಪ ಕೂತಿದ್ದ, ಮೀಸೆಯಲ್ಲೇ ನಗುತ್ತ. ಯಮನಪ್ಪ ವಕೀಲರು ಅವಸರ ಮಾಡಲಿಲ್ಲ.

"ನಿಮ್ಮ ಅಪ್ಪ ಪಾಲು ಹಂಚಿದ ದಿನ ನೀವು ಆ ಮನಿಯೊಳಗ ಇದ್ರೋ, ಇಲ್ಲೋ?"

ಅಣ್ಣನ ನಗೆ ನೋಡಿದ ಮೇಲೆ ಸುಳ್ಳು ಹೇಳುವ ಮನಸ್ಸಾಗಲಿಲ್ಲ. ಅವನೆದುರು ಹೆದರಿದಂತೆ ಆಗುತ್ತದೆ ಅನ್ನಿಸಿತು.

"ಇದ್ನಿ."

"ಹಿರಿಯರಿಗೆ ಊಟಕ್ಕ ಬಡಿಸಿದ್ದು ನೀವ?"

"ನಾನ. ಬಡಸಾಕ ಕರದಿದ್ರು, ಬಡಿಸಿದ್ನಿ. ಪಾಲಿಗೆ ಒಪ್ಪೀಯೇನು ಅಂತ ಅವತ್ತ ನನ್ನ ಯಾರೂ ಕೇಳಲಿಲ್ಲ. ಇವತ್ತ ನೀವು ಕೇಳಾಕ ಹತ್ತೀರಿ. ನಾ ಒಪ್ಪಿಲ್ಲ."

ನ್ಯಾಯಾಧೀಶರು ಬೆರಳಚ್ಚಿನವರಿಗೆ ಅದನ್ನು ಹೇಳಿ ಬರೆಸಿದರು. ರಾಜೇಶ್ವರಿಯವರ ವಾದ ಆಮೇಲೆ ದೀರ್ಘವಾಗಿ ನಡೆಯಿತು. ಬಾಯಿಮಾತಿನ ಪಾಲಿಗೆ ನೋಂದಣಿಯಿಲ್ಲ, ಊರಿನ ದಾಖಲೆಯಲ್ಲೂ ಅಪ್ಪನ ಹೆಸರೇ ಕೊನೆತನಕ ಇತ್ತು. ಮೂವರಿಗೂ ಸಮಪಾಲು ಎಂದು ತೀರ್ಪಾಯಿತು. ಅಣ್ಣಂದಿರು ಮೇಲಿನ ಕೋರ್ಟಿಗೆ ಹೋದರು. ಅಲ್ಲಿಯೂ ಅದೇ ನಿಂತಿತು.

ಅಳತೆಗೆ ಸರ್ವೇದವರು ಸಿರಸಂಗಿಗೆ ಬಂದ ದಿನ ಬಿಸಿಲು ಜೋರಿತ್ತು. ಮಹಾನಂದಾ ಬೆಳಿಗ್ಗೆಯಿಂದ ಬದುವಿನ ಮೇಲೆ ನಿಂತಿದ್ದಳು. ಅತ್ತಿಗೆಯರು ಸರ್ವೇದವರಿಗೆ ಮಜ್ಜಿಗೆ ತಂದರು, ಆಕೆಯನ್ನು ಬಿಟ್ಟು ಎಲ್ಲರಿಗೂ ಕೊಟ್ಟರು. ಸಣ್ಣಣ್ಣ ಲಕ್ಷ್ಮಣ ದೂರದಲ್ಲಿ ಎತ್ತಿನ ಹಗ್ಗ ಹಿಡಿದು ಆ ಕಡೆ ಮುಖ ಮಾಡಿ ನಿಂತಿದ್ದ. ಗಡಿಕಲ್ಲು ಹುಗಿಯುವಾಗ ಬಸವಣ್ಣೆಪ್ಪ ಹತ್ತಿರ ಬಂದ.

"ಇನ್ನ ನಮ್ಮ ಮನಿ ಹೊಸ್ತಿಲಾ ತುಳೀಬ್ಯಾಡ. ನಾ ಸತ್ತರೂ ಬರಬ್ಯಾಡ."

"ಹೊಸ್ತಿಲ ನಿನ್ನ ಪಾಲಿಗೆ ಬಂದೈತಿ. ತುಳ್ಯಂಗಿಲ್ಲ," ಎಂದಳು ಮಹಾನಂದಾ. "ಈ ಕಲ್ಲಿನ ಆಚೀಕ ನೀನೂ ಕಾಲಿಡಬ್ಯಾಡ."

ಅವನು ನೆಲಕ್ಕೆ ಉಗುಳಿ ಹೋದ. ಆಕೆ ಕಲ್ಲಿನ ಬುಡಕ್ಕೆ ಮಣ್ಣು ತುಳಿದು ಗಟ್ಟಿ ಮಾಡಿದಳು. ನೀರಡಿಕೆ ತಡೆಯಲಾರದೆ, ಸಂಜೆಯ ಬಸ್ಸಿಗೆ ಇನ್ನೂ ಹೊತ್ತಿರುವಾಗಲೇ ಬಸ್ ಸ್ಟ್ಯಾಂಡಿನ ನಲ್ಲಿಯ ಕಡೆ ನಡೆದಳು.