ಕುಚ್ಚು ಕಟ್ಟೋ ಕೈ ಒಣಗಿದಾಗ

ನಮ್ಮ ಅರಸೀಕೆರೇಲಿ ಸಂಕ್ರಾಂತಿ ಹತ್ತಿರದ ಚಳಿಗೆ ಬೆಳಿಗ್ಗೆ ಎದ್ದ ತಕ್ಷಣ ಮುಂಗೈ ಮೇಲೆ ಉಗುರಲ್ಲಿ ನಿಮ್ಮ ಹೆಸರು ಬರ್ಕೋಬಹುದು. ಬಳಪದಲ್ಲಿ ಬರೆದಂಗೆ ಬೆಳ್ಳಗೆ, ದುಂಡಗೆ ಮೂಡುತ್ತೆ. ಸ್ಕೂಲಲ್ಲಿದ್ದಾಗ ನಾನು ಹೆಸರು ಬರೆದು ದಂಡ ಮಾಡದೆ, ಹದಿಮೂರರ ಮಗ್ಗಿ ಬರ್ಕೊಂಡು ಹೋಗಿದ್ದೆ. ಮೇಷ್ಟ್ರು ನನ್ನನ್ನೇ ಎಬ್ಬಿಸಿದ್ರು. ಭಯಕ್ಕೆ ಮೈಯೆಲ್ಲ ಬೆವರಿ, ಹದಿಮೂರು ಐದ್ಲ ಹೊತ್ತಿಗೆ ಮಗ್ಗಿ ಪೂರ್ತಿ ಅಳಿಸಿಹೋಯ್ತು. ಇವತ್ತಿಗೂ ಅದರಿಂದಾಚೆಗೆ ನಂಗೆ ಬರಲ್ಲ.

ಚಿಕ್ಕ ವಯಸ್ಸಿನ ಚರ್ಮದ ಒಳ್ಳೆ ಗುಣ ಅಂದ್ರೆ ಅದಕ್ಕೆ ಮರೆವು ಜಾಸ್ತಿ. ರಾತ್ರಿ ಒಣಗಿದ್ದನ್ನ ಮಧ್ಯಾಹ್ನದ ಊಟದೊಳಗೆ ಮರೆತುಬಿಡುತ್ತೆ. ವಯಸ್ಸಾದ ಚರ್ಮ ಹಂಗಲ್ಲ, ಎಲ್ಲಾನೂ ನೆನಪಿಟ್ಕೊಳ್ಳುತ್ತೆ. ಒಳಗಿನ ಜಿಡ್ಡು ಕಮ್ಮಿ ಆಗಿರುತ್ತೆ, ಇರೋ ತೇವಾನೂ ನಾವು ಮಲಗಿದ್ದಾಗ ಹೇಳದೆ ಕೇಳದೆ ಗಾಳೀಗೆ ಹೊರಟುಹೋಗುತ್ತೆ. ಇದನ್ನೆಲ್ಲ ನಾನು ಓದಿದ್ದು ಕ್ಷೌರದಂಗಡೀಲಿದ್ದ ಹಳೇ ವಾರಪತ್ರಿಕೇಲಿ. ಸೌಂದರ್ಯದ ಪುಟ. ಗಂಡಸರು ಯಾರೂ ನೋಡ್ತಿಲ್ಲ ಅಂತ ಖಾತ್ರಿ ಮಾಡ್ಕೊಂಡು ಓದಿದ್ದೆ.

ನಂಗ್ಯಾಕೆ ಸೌಂದರ್ಯದ ಪುಟ ಅಂತೀರಾ? ಕಾರಣ ನಮ್ಮಮ್ಮ. ತೊಂಬತ್ತರ ದಶಕ ಮುಗೀತಾ ಬಂದಿದ್ದ ಕಾಲ. ನಾನು ಬಿ.ಕಾಂನಲ್ಲಿ ಒಂದಿಷ್ಟು ಪೇಪರ್ ಬಾಕಿ ಉಳಿಸ್ಕೊಂಡು ಮನೇಲಿ ಬಿದ್ದಿದ್ದೆ. ಅಪ್ಪ ರೈಲ್ವೇಲಿ ಗುಮಾಸ್ತ. ಅಮ್ಮ ಬಾಣಾವರದ ಕಡೆ ರಾಗಿ ಬೆಳೆಯೋರ ಮನೆ ಮಗಳು. ಮದುವೆ ಆಗಿ ರೈಲ್ವೆ ಕ್ವಾರ್ಟರ್ಸಿಗೆ ಬಂದ್ಮೇಲೆ ರೇಷ್ಮೆ ಸೀರೆಗೆ ಕುಚ್ಚು ಕಟ್ಟೋದು ಕಲಿತ್ಲು. ಸೆರಗಿನ ತುದೀಲಿ ನೇಕಾರರು ಬಿಟ್ಟಿರೋ ಎಳೆಗಳನ್ನ ಬಿಡಿಸಿ, ಅಂಗೈಲಿ ಹೊಸೆದು, ಸಾಲಾಗಿ ಗಂಟು ಹಾಕ್ತಾ ಹೋಗೋ ಕೆಲಸ. ಅವಳ ಗಂಟು ನೋಡಿದ್ರೆ ಸ್ಕೇಲ್ ಇಟ್ಟು ಹಾಕಿದಂಗಿರ್ತಿತ್ತು. ಕ್ವಾರ್ಟರ್ಸಲ್ಲಿ ಅಪ್ಪನ ಹೆಸರು ಹೇಳಿ ಮನೆ ಕೇಳಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ. ಕುಚ್ಚಿನಮ್ಮನ ಮನೆ ಅಂದ್ರೆ ನಾಯಿ ಕೂಡ ದಾರಿ ತೋರಿಸ್ತಿತ್ತು.

ಐವತ್ತು ದಾಟಿದ ಮೊದಲನೇ ಚಳಿಗಾಲದಲ್ಲಿ ಆ ಕೈ ಕೈಕೊಟ್ಟಿತು. ಸಂಜೆವರೆಗೂ ಹೆಂಗೋ ಇರ್ತಿದ್ದ ಬೆರಳು, ಬೆಳಿಗ್ಗೆ ಏಳೋ ಹೊತ್ತಿಗೆ ತುದಿ ಸೀಳಿ ಸಿಪ್ಪೆ ಎದ್ದಿರೋದು. ಅಂಥ ಬೆರಳು ರೇಷ್ಮೆ ಮೇಲೆ ಹೋದ್ರೆ ಚರ್ ಅಂತ ಸಿಕ್ಕೊಳ್ಳುತ್ತೆ, ಎಳೆ ಎದ್ದುಬಿಡುತ್ತೆ. ದೀಪಾವಳಿಗೆ ಬೇಲೂರಿನ ನಾಗರತ್ನ ಟೀಚರ್ ಕೊಟ್ಟಿದ್ದ ಸೀರೇಲಿ ಹಂಗೇ ಒಂದೆಳೆ ಎದ್ದಿತ್ತು. ಬೇಲೂರು ಕಡೆಯಿಂದ ಬರೋ ಸೀರೆಗಳೆಲ್ಲ ಈ ಟೀಚರ್ ಬಾಯಿಮಾತಿಂದಲೇ ಬರ್ತಿದ್ದಿದ್ದು. ಈಗ ಅವರು ಮಗಳ ಧಾರೆ ಸೀರೆ ತಂದು ಅಮ್ಮನ ಮುಂದಿಟ್ಟು, "ಬೇಜಾರು ಮಾಡ್ಕೋಬೇಡಿ ಕಣ್ರೀ, ಈ ಸಲ ಒಂದೆಳೆ ಎದ್ರೂ ಇನ್ಮೇಲೆ ನಮ್ಮೋರೆಲ್ಲ ಹಾಸನದಲ್ಲಿ ಕುಚ್ಚು ಕಟ್ಟೋರಿಗೇ ಕೊಡ್ತೀವಿ" ಅಂತ ಹೇಳಿ ಹೋದ್ರು.

ಅಮ್ಮ ಸೀರೇನ ಟ್ರಂಕಲ್ಲಿಟ್ಟು ಬೀಗ ಹಾಕಿದ್ಲು. ದಿನಾ ಬೆಳಿಗ್ಗೆ ಬೀಗ ತೆಗೆಯೋದು, ಬೆರಳು ನೋಡ್ಕೊಳ್ಳೋದು, ಮತ್ತೆ ಬೀಗ ಹಾಕೋದು.

"ಹಾಸನದೋರಿಗೇ ಕೊಡ್ಲಿ ಬಿಡು, ನಂಗೂ ವಯಸ್ಸಾಯ್ತು" ಅಂದ್ಲು ಒಂದಿನ. ಅಂದೋಳು ಆವತ್ತು ಸಾರಿಗೆ ಉಪ್ಪು ಹಾಕೋದೇ ಮರೆತ್ಲು. ಅಪ್ಪನೂ ನಾನೂ ಉಪ್ಪಿನಕಾಯಿ ನಂಚ್ಕೊಂಡು ಉಂಡ್ವಿ.

ಅಲ್ಲಿಂದ ನಾನು ಚರ್ಮರೋಗ ತಜ್ಞ ಆದೆ. ಮೊದಲನೇ ಪ್ರಯೋಗ ಹಾಲಿನ ಕೆನೆ. ಅಮ್ಮನಿಗೆ ಹಚ್ಚೋಕೆ ಮುಂಚೆ ನನ್ನ ಮುಖದ ಮೇಲೆ ಪರೀಕ್ಷೆ ಮಾಡ್ದೆ. ಸಂಜೆ ಮುಖದ ತುಂಬಾ ಕೆನೆ ಬಳ್ಕೊಂಡು ಜಗಲಿ ಮೇಲೆ ಹಂಗೇ ತೂಕಡಿಸಿಬಿಟ್ಟೆ. ಎಚ್ಚರ ಆದಾಗ ಪಕ್ಕದ ಮನೆ ಬೆಕ್ಕು ನನ್ನ ಎಡಗೆನ್ನೆ ಮುಗಿಸಿ ಮೂಗಿಗೆ ಬಂದಿತ್ತು. ಬೆಕ್ಕಿನ ನಾಲಿಗೆ ಅಂದ್ರೆ ಬಡಗಿಯೋರ ಉಪ್ಪುಕಾಗದ ಕಣ್ರೀ. ಮೂರು ದಿನ ಒಂದು ಕೆನ್ನೆ ಕೆಂಪಗೆ, ಇನ್ನೊಂದು ಮಾಮೂಲಿ.

ಎರಡನೇದು ಗ್ಲಿಸರಿನ್. ಮೆಡಿಕಲ್ ಶಾಪಿನವನು "ನೀರು ಬೆರೆಸಿ ಹಚ್ಚಬೇಕು" ಅಂತಿದ್ದ. ನೀರು ಬೆರೆಸಿದ್ರೆ ಶಕ್ತಿ ಹೋಗುತ್ತೆ, ಹಾಲಿನ ವಿಷಯದಲ್ಲಿ ಗೊತ್ತಿಲ್ವಾ ಅಂದ್ಕೊಂಡು ಅಮ್ಮನ ಕೈಗೆ ಹಂಗೇ ಸುರಿದೆ. ಅದು ಎಂಥ ಪದಾರ್ಥ ಅಂದ್ರೆ, ಸುತ್ತ ಎಲ್ಲಿ ನೀರಿದ್ರೂ ಎಳ್ಕೊಳ್ಳುತ್ತೆ. ಅರಸೀಕೆರೆ ಚಳಿಗಾಲದ ಗಾಳೀಲಿ ನೀರೆಲ್ಲಿರುತ್ತೆ? ಕೊಬ್ಬರಿ ಒಣಗಿಸೋ ಸೀಮೆ ನಮ್ಮದು. ಗಾಳೀಲಿ ಸಿಗದೆ ಅದು ಅಮ್ಮನ ಬೆರಳಿಂದಲೇ ಎಳ್ಕೊಂಡಿತು.

"ಉರೀತೈತೆ ಕಣ್ಲಾ! ಏನ್ಲಾ ಹಚ್ಚಿದೆ ಇದು, ಮೆಣಸಿನಕಾಯಿ ರಸಾನಾ?"

"ಆರೈಕೆ ಅಮ್ಮ, ಆರೈಕೆ."

"ನಿನ್ನ ಆರೈಕೆಗಿಷ್ಟು ಬೆಂಕಿ ಹಾಕ. ಹೋಗಿ ಪೇಪರ್ ಪಾಸ್ ಮಾಡ್ಕೋ ಹೋಗು."

ಮೂರನೇದು ನಮ್ಮೂರ ಗಾಣದ ಕೊಬ್ಬರಿ ಎಣ್ಣೆ. ಇದನ್ನ ಮೊದಲೇ ಹಚ್ಚಬಾರದಿತ್ತಾ ಅಂತ ನೀವು ಕೇಳ್ತೀರ. ಹಚ್ಚಿದ್ವಿ. ಬೆಳಿಗ್ಗೆ ಕೆಲಸಕ್ಕೆ ಕೂರೋ ಮುಂಚೆ ಹಚ್ಚಿದ್ರೆ ಬೆರಳೇನೋ ನುಣ್ಣಗಾಗುತ್ತೆ, ಆದ್ರೆ ರೇಷ್ಮೆ ಮೇಲೆ ಎಣ್ಣೆ ಕಲೆ ಕೂರುತ್ತೆ. ಹಳೇ ಕುಪ್ಪಸದ ಬಟ್ಟೆ ಮೇಲೆ ನೋಡಿದ್ವಿ, ನಾಣ್ಯದಗಲ ಕಲೆ. ಹಚ್ಚಿದ್ರೆ ಕಲೆ, ಹಚ್ಚದಿದ್ರೆ ಎಳೆ. ಸರಿ, ರಾತ್ರಿ ಹಚ್ಚೋಣ ಅಂದ್ರೆ ಅದು ಬೆರಳೊಳಗೆ ಹೋಗ್ದೆ ಮೇಲೇ ಕೂತ್ಕೊಂಡು, ಅರ್ಧ ಕಂಬಳಿಗೂ ಇನ್ನರ್ಧ ಅಪ್ಪನ ಬನಿಯನ್ನಿಗೂ ಹೋಗ್ತಿತ್ತು. ಬನಿಯನ್ ಮಾತ್ರ ಬಹಳ ಮೃದುವಾಯ್ತು.

ಯಾಕೆ ಒಳಗೆ ಹೋಗ್ತಿಲ್ಲ ಅನ್ನೋದು ತಿಳಿದದ್ದು ಕರೆಂಟ್ ಹೋದ ಒಂದು ಸಂಜೆ. ನಮ್ಮ ಕಡೆ ಚಳಿಗಾಲದಲ್ಲಿ ಹೆಂಗಸರ ಒಂದು ಪದ್ಧತಿ ಐತೆ. ಸಂಜೆ ಪಾತ್ರೆ ಬೆಳಗಿ, ಹಂಡೆಯ ಸುಡುನೀರಲ್ಲಿ ಬಟ್ಟೆ ಸೋಪು ಹಾಕಿ ಕೈ ತೊಳೆದು, ಒದ್ದೆ ಕೈನ ಹಂಗೇ ಹಂಡೆ ಒಲೆ ಮುಂದೆ ಹಿಡಿದು ಕೂರೋದು. ಬೆಚ್ಚಗೂ ಆಯ್ತು, ಕೈಯೂ ಒಣಗ್ತು. ಅಮ್ಮ ದಿನಾ ಹಂಗೆ ಕೈನ ಹಪ್ಪಳದ ಥರ ಸುಟ್ಕೊಂಡು, ಆಮೇಲೆ ಎಣ್ಣೆ ಹಚ್ಕೊಳ್ಳೋಳು. ಆವತ್ತು ಕೈ ತೊಳೆದು ಏಳೋಷ್ಟರಲ್ಲಿ ಕರೆಂಟ್ ಹೋಯ್ತು. ಕತ್ತಲೇಲಿ ನಾನು ಅವಸರ ಅವಸರವಾಗಿ ಎಣ್ಣೆ ಬಟ್ಲು ತಂದು, ಒಲೆ ಮುಂದೆ ಕೂರೋದಕ್ಕೂ ಬಿಡದೆ, ತೊಟ್ಟಿಕ್ತಿದ್ದ ಕೈಗೆ ಎಣ್ಣೆ ಸುರಿದುಬಿಟ್ಟೆ.

"ನೀರ ಮೇಲೆ ಎಣ್ಣೆ ಹುಯ್ತೀಯಲ್ಲೋ, ಕಣ್ಣು ಕಾಣಲ್ವಾ?"

"ಕತ್ತಲೇಲಿ ಯಾರಿಗ್ ಕಾಣುತ್ತೆ, ಉಜ್ಜಮ್ಮ ಸುಮ್ನೆ."

ಬೈಕೊಂಡೇ ಉಜ್ಜಿದ್ಲು. ಬೆಳಿಗ್ಗೆ ಎದ್ದು ಅವಳೇ ನನ್ನ ಹಾಸಿಗೆ ಹತ್ರ ಬಂದು ನನ್ನ ಕೆನ್ನೆ ಸವರಿದ್ಲು. ಎಬ್ಬಿಸೋಕಲ್ಲ, ಬೆರಳು ಪರೀಕ್ಷೆ ಮಾಡೋಕೆ. ಒಂಚೂರೂ ಚುಚ್ಚಲಿಲ್ಲ. ಒದ್ದೆ ಇರುವಾಗಲೇ ಎಣ್ಣೆ ಹಚ್ಚಿದ್ರೆ ಒಳಗಿನ ನೀರು ಒಳಗೇ ಇರುತ್ತೆ. ಇಷ್ಟು ದಿನ ನಾವು ನೀರೆಲ್ಲ ಸುಟ್ಟು, ಖಾಲಿ ಪಾತ್ರೆಗೆ ಮುಚ್ಚಳ ಮುಚ್ತಿದ್ವಿ. ಸುಡುನೀರು, ಬಟ್ಟೆ ಸೋಪು ಇರೋ ಜಿಡ್ಡನ್ನೂ ತೆಗೀತವೆ ಅಂತ ಅವನ್ನೂ ಬಿಟ್ವಿ. ಉಗುರುಬೆಚ್ಚಗಿನ ನೀರು, ಸ್ನಾನದ ಸೋಪು, ತೇವದ ಮೇಲೆ ಎಣ್ಣೆ. ಇಷ್ಟೇ.

ಉಳಿದದ್ದು ಅಪ್ಪನ ಬನಿಯನ್ ಸಮಸ್ಯೆ. ನಾನು ಕಾಲೇಜಿಗೆ ಹಾಕ್ತಿದ್ದ ಸಾಕ್ಸ್ ಒಗೆದು ತಂದು, ಇದನ್ನ ಕೈಗೆ ಹಾಕ್ಕೊಂಡು ಮಲಗು ಅಂದೆ. ಅಮ್ಮ ಹಾವು ಕಂಡಂಗೆ ಹಿಂದೆ ಸರಿದ್ಲು.

"ಕಾಲಿಗೆ ಹಾಕೋದನ್ನ ಕೈಗಾ? ಅನ್ನ ಉಣ್ಣೋ ಕೈ ಕಣ್ಲಾ ಇದು!"

"ಸರಿ, ಹೊಸಾದು ತರ್ತೀನಿ."

"ಹೊಸಾದಾದ್ರೇನು, ಅದು ಹುಟ್ಟಿದ್ದೇ ಕಾಲಿಗೆ."

ನಾನು ಸಾಕ್ಸ್ ಸುತ್ತಿ ವಾಪಸ್ ಇಟ್ಟೆ. ಕೊನೆಗೆ ಅಮ್ಮನೇ ಅಪ್ಪನ ಹಳೇ ಪಂಚೆ ಹರಿದು ಎರಡು ಚೀಲ ಹೊಲಿದು, ಮಣಿಕಟ್ಟಿನ ಹತ್ರ ಲಾಡಿ ಏರಿಸಿದ್ಲು. ಹೊಲಿದು ಹಾಕ್ಕೊಂಡ್ಮೇಲೆ ಗೊತ್ತಾಯ್ತು, ಎರಡು ಕೈಗೂ ಚೀಲ ಬಿದ್ರೆ ಲಾಡಿ ಕಟ್ಕೊಳ್ಳೋಕಾಗಲ್ಲ. ನಾನೇ ಕಟ್ಟಬೇಕು. ಕಟ್ಟಿದ್ಮೇಲೆ ಅಮ್ಮ ಏನೂ ಮಾಡೋ ಹಂಗಿಲ್ಲ. ಹಾಲಿಗೆ ಹೆಪ್ಪು ಹಾಕೋ ಹಂಗಿಲ್ಲ, ಅಕ್ಕಿ ಆರಿಸೋ ಹಂಗಿಲ್ಲ, ಬಾಗಿಲು ಹಾಕೋ ಹಂಗಿಲ್ಲ. ಕುಸ್ತಿ ಪೈಲ್ವಾನನಂಗೆ ಎರಡು ಮುಷ್ಟಿ ತೊಡೆ ಮೇಲಿಟ್ಕೊಂಡು ಚಾಪೆ ಮೇಲೆ ಕೂತು ಹುಕುಂ ಮಾಡೋಳು. ಮೊದಲ ದಿನ ಅಪ್ಪ ಹೆಪ್ಪು ಹಾಕಿದ್ದು ಬೆಳಿಗ್ಗೆ ಹಾಲೂ ಅಲ್ಲ, ಮೊಸರೂ ಅಲ್ಲ. "ನಿಮ್ಮ ರೈಲ್ವೇಲಿ ಇದಕ್ಕೇನಂತಾರ್ರೀ?" ಅಂದ್ಲು ಅಮ್ಮ. ಅಪ್ಪ "ಲೇಟು" ಅಂದ್ರು.

ಒಂದು ವಾರಕ್ಕೆ ಟ್ರಂಕಿನ ಬೀಗ ತೆಗೆದು ಸೀರೆ ಆಚೆ ತಂದ್ಲು. ಬೆಳಿಗ್ಗೆ ಕೈಯ ಜಿಡ್ಡನ್ನ ಕಡಲೆಹಿಟ್ಟಲ್ಲಿ ತೊಳೆದು, ಒರೆಸಿ, ಕುಪ್ಪಸದ ಬಟ್ಟೆ ಮೇಲೆ ಬೆರಳೊತ್ತಿ ಕಲೆ ಇಲ್ಲ ಅಂತ ನೋಡಿ, ಆಮೇಲೆ ಸೀರೆ ಮುಟ್ಟೋದು. ಕುಚ್ಚು ಮುಗಿದಾಗ ಸೆರಗು ನೀರು ಹರಿದಂಗಿತ್ತು.

ಸೀರೆ ತಲುಪಿಸೋ ಕೆಲಸ ನನ್ನದು. ಜಾವಗಲ್ ದಾರೀಲಿ ಬೇಲೂರಿನ ಬಸ್ಸು. ಸೀರೆ ಗಂಟನ್ನ ಕೈಗೂಸಿನಂಗೆ ತೊಡೆ ಮೇಲಿಟ್ಕೊಂಡು ಕೂತಿದ್ದೆ, ಪಕ್ಕದೋರು ಮಗು ಹುಷಾರಾಗಿದೆಯಾ ಅಂತ ಕೇಳೋದೊಂದು ಬಾಕಿ. ಹಳೇಬೀಡಲ್ಲಿ ಬಸ್ಸು ನಿಂತಾಗ ಕಿಟಕೀಲಿ ಗುಡಿ ಗೋಪುರ ಹುಡುಕಿ, ಅಲ್ಲಿ ಗೋಪುರವೇ ಇಲ್ಲ ಅಂತ ನೆನಪಾಯ್ತು. ಅಲ್ಲಿನ ಕಲ್ಲು ಗಣಿಯಿಂದ ತೆಗೆದಾಗ ಮೆತ್ತಗಿರುತ್ತಂತೆ, ಗಾಳಿ ತಾಕ್ತಾ ತಾಕ್ತಾ ಗಟ್ಟಿ ಆಗುತ್ತಂತೆ. ಕಲ್ಲಿಗೆ ಅದು ಒಳ್ಳೇದೇ. ಐವತ್ತು ದಾಟಿದ ಕೈಗೆ ಮಾತ್ರ ಆ ಗಾಳಿ ಆಗಿಬರಲ್ಲ.

ಬೇಲೂರಲ್ಲಿ ನಾಗರತ್ನ ಟೀಚರ್ ಆಗ ತಾನೇ ಸ್ಕೂಲಿಂದ ಬಂದಿದ್ರು. ಸೀರೆನ ಮಂಚದ ಮೇಲೆ ಹರಡಿ, ಕನ್ನಡಕ ಹಾಕ್ಕೊಂಡು, ಪರೀಕ್ಷೆ ಪೇಪರ್ ನೋಡೋ ಮುಖದಲ್ಲಿ ಒಂದೊಂದೇ ಗಂಟು ನೋಡಿದ್ರು. ನಂಗೆ ಪಾಸೋ ಫೇಲೋ ಅಂತ ಕಾದು ರೂಢಿ ಇತ್ತು, ಆದ್ರೂ ಅವರ ಜೊತೆ ನಾನೂ ಗಂಟು ಎಣಿಸ್ತಾ ನಿಂತೆ. "ಚೆನ್ನಾಗಿದೆ ಕಣಪ್ಪ" ಅಂತ ಹೇಳಿ ಸೆರಗಿನ ಮೇಲೆ ಅಂಗೈ ಸವರಿದ್ರು.

ಚರ್ ಅಂತು.

ಟೀಚರ್ ಕೈ ನಿಂತುಬಿಡ್ತು. ಸೀಮೆಸುಣ್ಣ ಹಿಡಿದು ಹಿಡಿದು ಒಣಗಿ ಸೀಳಿದ್ದ ಅವರದೇ ಹೆಬ್ಬೆರಳಿಗೆ ಒಂದೆಳೆ ಸಿಕ್ಕೊಂಡು ಮೇಲೆದ್ದಿತ್ತು. ಅವರು ಎಳೆ ನೋಡಿದ್ರು, ಬೆರಳು ನೋಡಿದ್ರು, ಆಮೇಲೆ ನನ್ನ ನೋಡಿದ್ರು. ಹುಟ್ಟಿದಾಗಿಂದ ಬಾಯಿ ಮುಚ್ಚದೋನು ಆ ಹೊತ್ತು ಬಾಯಿ ಮುಚ್ಕೊಂಡು ಜಂತಿ ನೋಡ್ತಾ ನಿಂತೆ. ಅದೊಂದು ನನ್ನ ಜೀವಮಾನದ ಬುದ್ಧಿವಂತಿಕೆ.

"ದೀಪಾವಳಿ ಸೀರೆನೂ ನಾನು ಹಿಂಗೇ ಸವರಿ ನೋಡಿದ್ದೆ" ಅಂದ್ರು ಮೆಲ್ಲಗೆ. ಸೂಜಿ ತಂದು ಎಳೇನ ಹಿಂದಕ್ಕೆ ಎಳೆದು ಕೂರಿಸಿದ್ರು. ಆಮೇಲೆ, "ನಿಮ್ಮಮ್ಮ ಕೈಗೇನು ಹಚ್ಚೋದಪ್ಪಾ?"

ಎಲ್ಲಾ ಹೇಳ್ದೆ. ಬೆಕ್ಕಿನ ವಿಷಯ ಬಿಟ್ಟು. ಚೀಲದ ಮಾತು ಬಂದಾಗ ಟೀಚರ್, "ಅದನ್ನ ಕಟ್ಕೊಂಡು ಕೂತ್ರೆ ಮನೆ ಕೆಲಸ ಯಾರು ಮಾಡ್ತಾರೆ?" ಅಂದ್ರು.

"ಅಪ್ಪನೂ ನಾನೂ ಮೇಡಂ."

ಟೀಚರ್ ಒಳಗಡೆ ತಿರುಗಿ, "ರೀ, ಕೇಳಿಸ್ತಾ?" ಅಂದ್ರು. ಒಳಗಿಂದ ಪೇಪರ್ ಮಗುಚಿದ ಸದ್ದು ಬಂತು.

ಮದುವೆ ಮನೆಯೋರ ಇನ್ನೂ ನಾಲ್ಕು ಸೀರೆ ಕಟ್ಟಿಕೊಟ್ಟು ಟೀಚರ್ ಬಾಗಿಲವರೆಗೂ ಬಂದ್ರು. "ಅಮ್ಮನಿಗೆ ಹೇಳು, ಅವಸರ ಇಲ್ಲ. ಹಂಗೇ ನಂಗೂ ಒಂದು ಜೊತೆ ಚೀಲ ಹೊಲಿಯೋಕೆ ಹೇಳು. ಲಾಡಿ ಗಟ್ಟಿಯಾಗಿರ್ಲಿ, ನಾನು ಕೆಲಸ ಕಂಡ್ರೆ ಮಧ್ಯದಲ್ಲಿ ಬಿಚ್ಕೊಳ್ಳೋ ಪೈಕಿ."

ಮನೇಲಿ ವಿಷಯ ಕೇಳಿ ಅಮ್ಮ ಸೀರೆಗಳನ್ನ ಆಮೇಲೆ ನೋಡ್ತೀನಿ ಅಂತ ಪಕ್ಕಕ್ಕಿಟ್ಟು, ಮೊದಲು ಪಂಚೆ ಬಟ್ಟೆ ಕತ್ತರಿಸೋಕೆ ಕೂತ್ಲು. ಎಣ್ಣೆ ಯಾವ ಊರಲ್ಲಾದ್ರೂ ಸಿಗುತ್ತೆ ನೋಡಿ. ಸಂಜೆ ಆದ್ಮೇಲೆ ಇಷ್ಟು ಸಾಕು, ಇನ್ನು ಕೂತ್ಕೋ ಅನ್ನೋ ಲಾಡಿನ ಮಾತ್ರ ಯಾರಾದ್ರೂ ಹೊಲಿದು ಕೊಡಬೇಕು, ಇನ್ಯಾರಾದ್ರೂ ಬಂದು ಕಟ್ಟಬೇಕು.