ಅಳದವಳ ‘ಮನ ಅಳುತ್ತಂ’

ನೆನೆದ ಅವರೆಕಾಳನ್ನು ಬೆರಳ ತುದಿಯಲ್ಲಿ ಹಿತುಕಿ ಸಿಪ್ಪೆಯಿಂದ ಬಿಡಿಸುವ ಕೆಲಸದಲ್ಲಿ ಒಂದು ಅನುಕೂಲವಿದೆ: ಕೈ ತನ್ನ ಪಾಡಿಗೆ ದುಡಿಯುತ್ತದೆ, ಮನಸ್ಸು ತನ್ನ ಪಾಡಿಗೆ ಅಲೆಯುತ್ತದೆ. ತಮಿಳು ಸೀಮೆಯ ಎಡಪ್ಪಾಡಿಯ ನಮ್ಮ ಮನೆಯ ಜಗಲಿಯಲ್ಲಿ ನಾನು ಹಾಗೆ ಕೂತಿದ್ದೆ. ಒಳಗೆ ನಮ್ಮವರ ಮಗ್ಗ ಲಟಕ್ ಲಟಕ್ ಎನ್ನುತ್ತಿತ್ತು. ಕಾಳು ಹುಳುಕಿಲ್ಲದೆ ಬಂದಿದೆ, ಮೊಣಕಾಲು ಇವತ್ತು ಸುಮ್ಮನಿದೆ, ಬಿಸಿಲಿದ್ದರೂ ಗಾಳಿಯಿದೆ ಎಂದು ಮನೆದೇವತೆ ಚೌಡಮ್ಮ ತಾಯಿಯ ಸಣ್ಣಪುಟ್ಟ ಕೃಪೆಗಳನ್ನು ಅಭ್ಯಾಸದಂತೆ ಎಣಿಸಿಕೊಳ್ಳುತ್ತಿದ್ದೆ. ಆಗ ಫೋನು ಬಂತು. ಮಾರಂಡಹಳ್ಳಿಯ ಕಡೆಗೆ ಕೊಟ್ಟಿರುವ ನನ್ನ ತಂಗಿ ಪಾರ್ವತಿಯ ಗಂಡ ಮುರುಗೇಶ, ಅವಳನ್ನು ಧರ್ಮಪುರಿಯ ಆಸ್ಪತ್ರೆಗೆ ತೋರಿಸಿ ಬಸ್ ಸ್ಟ್ಯಾಂಡಿನಿಂದ ಮಾತಾಡುತ್ತಿದ್ದ.

“ಅಕ್ಕಾ, ಡಾಕ್ಟ್ರಮ್ಮ ನೋಡುದ್ರು. ಇವ್ಳಿಗೆ ಮನ ಅಳುತ್ತಂ ಅಂತೆ.”

ತಮಿಳಿನಲ್ಲಿ ಓದಿದವರಿಗೆ ಆ ಮಾತಿನಲ್ಲಿ ತೊಡಕೇನಿಲ್ಲ. ಮನಸ್ಸಿನ ಮೇಲಿನ ಒತ್ತಡ, ಅಷ್ಟೆ. ಆದರೆ ಮನೆಯೊಳಗೆ ಕನ್ನಡ, ಹೊಸ್ತಿಲಾಚೆ ತಮಿಳು ಆಡಿಕೊಂಡು ಬದುಕುವ ನಮ್ಮಂಥವರ ಕಿವಿ ಎರಡು ಬಾಗಿಲಿನ ಮನೆಯಿದ್ದಂತೆ, ಮಾತು ಯಾವ ಬಾಗಿಲಿನಿಂದ ಬರುತ್ತದೆಂದು ಹೇಳಲಾಗದು. ರಕ್ತದ ಒತ್ತಡಕ್ಕೂ ಆ ಭಾಷೆಯಲ್ಲಿ ಅಳುತ್ತಂ ಎಂದೇ ಹೆಸರಂತೆ, ನಾವು ಬಿ.ಪಿ. ಎನ್ನುವವರು, ಗೊತ್ತಾಗುವುದು ಹೇಗೆ? ನನಗೆ ಕೇಳಿಸಿದ್ದು ‘ಮನ ಅಳುತ್ತಾ’ ಎಂದು. ಮನಸ್ಸು ಅಳುತ್ತಾ ಇದೆ. ಕೇಳಿದ ತಕ್ಷಣ ಅನುಮಾನವೂ ಹುಟ್ಟಿತು, ಯಾಕೆಂದರೆ ನಮ್ಮ ಪಾರೂ ಅಳುವವಳೇ ಅಲ್ಲ. ಹಿಂದಿನ ವರ್ಷ ಹೊಟ್ಟೆಯಲ್ಲಿದ್ದ ಕೂಸು ನಿಲ್ಲದೆ ಹೋದಾಗ ನಾವೆಲ್ಲ ಅತ್ತೆವು. ಅವಳು ಗೋಡೆ ನೋಡಿಕೊಂಡು ಮಲಗಿದ್ದಳು. ಆಮೇಲೆ ಒಂದೊಂದನ್ನೇ ಬಿಡುತ್ತಾ ಬಂದಳು: ಮೊದಲು ಹೂ ಮುಡಿಯುವುದನ್ನು, ಆಮೇಲೆ ನೆರೆಮನೆಯನ್ನು, ಕೊನೆಗೆ ಒಲೆ ಹಚ್ಚುವುದನ್ನೂ.

ಅವಳ ಅತ್ತೆ ನಂಜಮ್ಮನವರಿಗೂ ಆ ಮಾತು ನನಗೆ ಕೇಳಿಸಿದಂತೆಯೇ ಕೇಳಿಸಿತ್ತು. ಅವರು ಕುರಿ, ರಾಗಿ, ಟೊಮ್ಯಾಟೊಗಳ ನಡುವೆ ಗಟ್ಟಿಯಾದ ಹೆಂಗಸು, ನಾಲಿಗೆಯೂ ಹಾಗೆಯೇ. “ಕಣ್ಣಾಗೆ ಒಂದನಿ ನೀರಿಲ್ಲ, ಮನ ಅಳುತ್ತಾ ಐತಂತೆ. ಮರಿ ಸತ್ರೆ ನಮ್ಮ ಕುರೀನೂ ಅರಚಾಡ್ತೈತೆ, ಇವ್ಳಿಗೆ ಅದೂ ಇಲ್ಲ,” ಎಂದರಂತೆ. ಸುಮ್ಮನೆ ಮಲಗುವುದಕ್ಕೆ ಡಾಕ್ಟರ ಕೈಯಿಂದ ಒಂದು ಹೆಸರು ಬರೆಸಿಕೊಂಡು ಬಂದಿದ್ದಾಳೆ, ಇನ್ನು ಧರ್ಮಪುರಿಗೆ ಹೋಗುವುದು ಬೇಡ ಎಂದು ತೀರ್ಮಾನವನ್ನೂ ಮಾಡಿದರು. ತಾಯಿಯ ಮಾತು ಮೀರಲಾರದ ಮುರುಗೇಶ, ಹೆಂಡತಿಯ ಮುಖವನ್ನೂ ನೋಡಲಾರದೆ, ಕೆಲವು ದಿನಕ್ಕೆಂದು ಅವಳನ್ನು ನನ್ನ ಮನೆಗೆ ತಂದು ಬಿಟ್ಟ. ಆಸ್ಪತ್ರೆ ತಪ್ಪಿಸಬೇಡ ಎಂದು ಡಾಕ್ಟರಮ್ಮ ಒತ್ತಿ ಹೇಳಿದ್ದರಂತೆ. ತಪ್ಪಿಸಿದರೆ ಇವಳು ಇನ್ನೇನನ್ನು ಬಿಡುತ್ತಾಳೋ ಎಂಬ ಭಯ ನನ್ನ ಎದೆಯಲ್ಲಿತ್ತು. ಅದನ್ನು ಬಾಯಲ್ಲಿ ಹೇಳುವುದಿಲ್ಲ, ನಿಮಗೆ ಅರ್ಥವಾಗುತ್ತದೆ.

ಹಾಗಾಗಿ ಮುಂದಿನ ಸಲ ನಾನೇ ಜೊತೆಯಲ್ಲಿ ಹೋದೆ. ಮಾತ್ರೆ ಬರೆಯುವ ಡಾಕ್ಟರಮ್ಮ ಬೇರೆ, ಕೂರಿಸಿ ಮಾತಾಡಿಸುವ ಮೇಡಂ ಬೇರೆ. ಈ ಎರಡನೆಯವರು ಚಿಕ್ಕ ವಯಸ್ಸಿನವರು, ಮೆಲುದನಿ. ಅಳದವಳನ್ನು ಇವರು ಹೇಗೆ ಅಳೆಯುತ್ತಾರೋ ನೋಡೋಣ ಎಂದೇ ನಾನು ಕುರ್ಚಿಯ ತುದಿಯಲ್ಲಿ ಕೂತೆ. ಕೇಳಿಯೂ ಕೇಳಿದೆ: ಅಳುವೇ ಇಲ್ಲದವಳಿಗೆ ಅಳುವ ಕಾಯಿಲೆ ಹೇಗಮ್ಮ? ಅವರು ನಗಲಿಲ್ಲ, ಅದಕ್ಕೆ ಅವರಿಗೆ ಪುಣ್ಯ ಬರಲಿ. ಮೇಜಿನ ಮೇಲಿದ್ದ ಹತ್ತಿಯ ಉಂಡೆಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು, ಇದು ಅಳುತ್ತಂ ಎಂದರು. ನನ್ನ ಕಿವಿಯ ತಪ್ಪು ಆಗ ತಿಳಿಯಿತು. ಪಾರೂ ಮಾತ್ರ ಆ ಹತ್ತಿಯನ್ನು ಬಹಳ ಹೊತ್ತು ನೋಡಿದಳು.

ಮೇಡಂ ತಮಿಳಿನಲ್ಲಿ ವಿವರಿಸಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ನಡೆದ ಸಂಗತಿಗೂ ನಮಗಾಗುವ ಸಂಕಟಕ್ಕೂ ನಡುವೆ ಒಂದು ಯೋಚನೆ ಕೂತಿರುತ್ತದೆ. ಅದು ಎಷ್ಟು ಬೇಗ ಬಂದು ಹೋಗುತ್ತದೆಂದರೆ ಬಂದದ್ದೇ ತಿಳಿಯುವುದಿಲ್ಲ. ಪಾರೂವನ್ನು ಕೆದಕಿ ಕೇಳಿದಾಗ ಅಂಥದೊಂದು ಹೊರಬಂತು. ಎದುರು ಮನೆಯವಳು ಬೀದಿಯಲ್ಲಿ ಮಾತಾಡಿಸದೆ ಹೋದಳು. ಇವಳ ಮನಸ್ಸು ಆ ಕ್ಷಣವೇ ‘ನಾನು ಅಪಶಕುನ’ ಎಂದಿತು. ‘ನನ್ನಿಂದಲೇ ಕೂಸು ಹೋಯಿತು, ಮುಂದೆಯೂ ಏನೂ ಉಳಿಯುವುದಿಲ್ಲ’ ಎಂದಿತು. ಮಗ್ಗದ ಲಾಳಿಗೆ ಎಡ ಬಲ ಬಿಟ್ಟರೆ ಬೇರೆ ದಾರಿ ಗೊತ್ತಿಲ್ಲವಲ್ಲ, ಹಾಗೆ ಎಲ್ಲಿಂದ ಹೊರಟರೂ ಅವಳ ಯೋಚನೆ ಅಲ್ಲಿಗೇ ಹೋಗಿ ಬಡಿಯುತ್ತದೆ. ಎದುರು ಮನೆಯವಳು ಮಾತಾಡಿಸದಿರುವುದಕ್ಕೆ ಬೇರೆ ಕಾರಣ ಇರಬಹುದೇ ಎಂದು ಮೇಡಂ ಕೇಳಿದರು. ಬಸ್ಸಿಗೆ ಹೊತ್ತಾಗಿತ್ತೇನೋ ಎಂದು ಪಾರೂ ಕಷ್ಟಪಟ್ಟು ಹೇಳಿದಳು.

ಇಲ್ಲಿ ನನಗೆ ಸಿಟ್ಟು ಬಂತು. ಹಾಗಾದರೆ ದುಃಖವನ್ನು ಇವಳೇ ಯೋಚಿಸಿ ಯೋಚಿಸಿ ಮಾಡಿಕೊಂಡದ್ದೆಂದಾಯಿತಲ್ಲ. ನಂಜಮ್ಮನವರು ಹೇಳುವುದೂ ಅದನ್ನೇ, ಬಸ್ ಚಾರ್ಜಿಲ್ಲದೆ. ಅಲ್ಲದೆ ನಮ್ಮ ಊರುಗಳನ್ನು ನಾನು ಬಲ್ಲೆ. ಕೂಸು ಕಳೆದುಕೊಂಡವಳನ್ನು ಬಸುರಿಗೆ ಬಳೆ ತೊಡಿಸುವ ಶಾಸ್ತ್ರಕ್ಕೆ ಕರೆಯದ ಮನೆಗಳಿವೆ. ಎದುರು ಮನೆಯವಳು ನಿಜವಾಗಿಯೂ ಹಾಗೆಯೇ ಅಂದುಕೊಂಡಿದ್ದರೆ? ಯೋಚನೆ ತಪ್ಪೆನ್ನುವ ಮೊದಲು ಊರು ಸರಿಯಿದೆಯೇ ಎಂದು ಯಾರು ನೋಡುತ್ತಾರೆ? ಇದನ್ನೂ ಕೇಳಿದೆ, ಸ್ವಲ್ಪ ಜೋರಾಗಿಯೇ. ಅವರು ಒಪ್ಪಿಕೊಂಡರು. ಊರು ಕೆಟ್ಟದ್ದಿರಬಹುದು, ಕರೆಯದ ಮನೆ ಕರೆಯದ ಮನೆಯೇ. ಆದರೆ ಒಂದು ಮನೆ ಕರೆಯಲಿಲ್ಲ ಎಂಬುದರಿಂದ ‘ಯಾರಿಗೂ ಬೇಡ, ಎಂದಿಗೂ ಬೇಡ, ಕಾರಣ ನಾನೇ’ ಎಂದು ತೀರ್ಪು ಬರೆದದ್ದು ಊರಲ್ಲ, ಕಾಯಿಲೆ ಎಂದರು. ಕಾಯಿಲೆಯ ಮನಸ್ಸು ಹಾಗೆ ಯೋಚಿಸುತ್ತದೆ, ಹಾಗೆ ಯೋಚಿಸಿದಷ್ಟೂ ಕಾಯಿಲೆ ಬಲಿಯುತ್ತದೆ; ಜ್ವರ ಬಂದವರು ನಡುಗಿದರೆ ಅದು ಅವರ ತಪ್ಪಲ್ಲವಲ್ಲ ಎಂದರು. ಮಾತ್ರೆಯೂ ಬೇಕು, ನಿದ್ದೆಯೂ ಬೇಕು, ಮನೆಯವರ ನಾಲಿಗೆಯೂ ಸ್ವಲ್ಪ ಸುಮ್ಮನಿರಬೇಕು ಎಂದು ಸೇರಿಸಿದರು. ನಾನು ಪೂರ್ತಿ ನಂಬಲಿಲ್ಲ. ಬೇರೆ ದಾರಿ ಕಾಣದೆ ಕಿವಿಗೊಟ್ಟೆ.

ಆದರೆ ನನ್ನನ್ನು ನಿಜಕ್ಕೂ ಕಲಕಿದ್ದು ಬೇರೆ ಮಾತು. ದೀಪ ಹಚ್ಚುವ ಹೊತ್ತಿಗೆ ಚೌಡಮ್ಮ ತಾಯಿ ಕೊಟ್ಟದ್ದನ್ನು ನೆನೆಯಬೇಕೆಂದು ನಮ್ಮವ್ವ ನಮ್ಮಿಬ್ಬರಿಗೂ ಕಲಿಸಿದ್ದಳು. ನಾನು ಇಂದಿಗೂ ಎಣಿಸುತ್ತೇನೆ, ಎದೆ ತಣ್ಣಗಾಗುತ್ತದೆ. ಪಾರೂ ಕೂಡ ಎಣಿಸುತ್ತಾಳೆಂದು ಅಂದೇ ತಿಳಿದದ್ದು. ಒಳ್ಳೆಯ ಗಂಡ, ಉಣ್ಣಲು ರಾಗಿ, ತಲೆಯ ಮೇಲೆ ಸೂರು, ಹೀಗೆ ಒಂದೊಂದಾಗಿ ಎಣಿಸಿ, ಇಷ್ಟೆಲ್ಲ ಕೊಟ್ಟರೂ ನಾನು ಹೀಗಿದ್ದೇನಲ್ಲ, ನನ್ನಂಥ ಪಾಪಿ ಇದ್ದಾಳೆಯೇ ಎಂಬಲ್ಲಿಗೆ ಬಂದು ನಿಲ್ಲುತ್ತಾಳಂತೆ. ಅದೇ ದೀಪ, ಅದೇ ತಾಯಿ, ಅದೇ ವರಗಳು. ನನಗೆ ನೆರಳಾದದ್ದು ಅವಳ ವಿರುದ್ಧ ಸಾಕ್ಷಿಯಾಗಿ ಕಟಕಟೆ ಹತ್ತಿದೆ. ದೇವರನ್ನು ನಾನು ಅನುಮಾನಿಸುವವಳಲ್ಲ. ಆದರೆ ದೇವರ ಮಾತನ್ನೂ ತನಗೆ ಬೇಕಾದಂತೆ ತಿರುಚಿ ಕೇಳಿಸುವ ಒಂದು ಕಿವಿ ನಮ್ಮೊಳಗೇ ಇರಬಹುದೆಂಬ ಅನುಮಾನ ಅಂದಿನಿಂದ ನನ್ನನ್ನು ಬಿಟ್ಟಿಲ್ಲ. ಒಂದು ತಮಿಳು ಪದವನ್ನೇ ನಾವು ತಲೆಕೆಳಗಾಗಿ ಕೇಳಿಸಿಕೊಂಡಿರಲಿಲ್ಲವೇ?

ಮತ್ತೆ ಹೋಗಬೇಕಾದ ಸೋಮವಾರ ಇನ್ನೇನು ಬಂತು ಎನ್ನುವಾಗ ನಂಜಮ್ಮನವರು ಹೇಳದೆ ಕೇಳದೆ ಬಂದು ಇಳಿದರು. ಕಾಫಿ ಕುಡಿದು ಲೋಟ ಕೆಳಗಿಡುವ ಮೊದಲೇ ವಿಷಯಕ್ಕೆ ಬಂದರು. ರಾಗಿ ಕೊಯ್ಲಿಗೆ ಬಂದಿದೆ, ಸೊಸೆ ಅಕ್ಕನ ಮನೆಯಲ್ಲಿ ಕೂತರೆ ನೋಡಿದವರು ಏನನ್ನುತ್ತಾರೆ, ಈಗಲೇ ಹೊರಡು ಎಂದರು. ನಾನು ಬಾಯಿ ತೆರೆದೆ. ಅಷ್ಟರಲ್ಲಿ ಗೋಡೆಗೆ ಒರಗಿ ಕೂತಿದ್ದ ಪಾರೂ ಮಾತಾಡಿದಳು. ತಾನಾಗಿ ಅವಳು ಮಾತಾಡಿ ಎಷ್ಟು ಕಾಲವಾಗಿತ್ತೋ.

“ಅತ್ತೆ, ಅದು ಅಳೋದಲ್ಲ. ಅಮುಕೋದು. ಎದೆ ಮ್ಯಾಲೆ ಯಾರೋ ಕುಂತಂಗೆ ಇರ್ತೈತೆ. ಅತ್ರೆ ಅಗುರಾಗ್ತೈತೇನೋ ಅಂತ ನಂಗೂ ಆಸೆ. ಅಳು ಬರಲ್ಲ.”

ಮಗ್ಗ ನಿಂತಿತು, ನಮ್ಮವರೂ ಕೇಳಿಸಿಕೊಳ್ಳುತ್ತಿದ್ದರು. ನಂಜಮ್ಮನವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು.

“ಅಂಗಿದ್ರೆ ನಿಮ್ಮ ಮಾವ ತೀರ್ಕೊಂಡಾಗ ನಂಗೂ ಅದೇ ಇತ್ತು ಬಿಡು,” ಎಂದರು. “ನಾನೇನು ಮಾತ್ರೆ ನುಂಗಿದ್ನಾ? ಕುರಿ ಇಂದೆ ಓದೆ, ಬಂದೆ. ಒಂದು ವರ್ಸ ಬಾಯಿಗೆ ಉಪ್ಪು ಉಳಿ ಗೊತ್ತಾಗ್ನಿಲ್ಲ.”

ಅದು ಚುಚ್ಚು ಮಾತೇ. ಆದರೆ ಚುಚ್ಚುವ ಮುಳ್ಳನ್ನು ಅವರು ತಮ್ಮ ಕಾಲಿನಿಂದಲೇ ಕಿತ್ತುಕೊಟ್ಟಂತಿತ್ತು. ಆಮೇಲೆ ಅವರು ಹೊರಡು ಎನ್ನಲಿಲ್ಲ. ಚಪ್ಪಲಿ ಮೆಟ್ಟುತ್ತಾ, ಎತ್ತಲೋ ನೋಡಿಕೊಂಡು, ಸೋಮವಾರ ಯಾವ ಬಸ್ಸಿಗೆ ಬರುತ್ತೀರಿ ಎಂದು ನನ್ನನ್ನು ಕೇಳಿದರು. ಹೇಳಿದೆ. “ಧರ್ಮಪುರಿ ಬಸ್ ಸ್ಟ್ಯಾಂಡಾಗೆ ನಿಂತಿರ್ತೀನಿ. ಆ ಮೇಡಂ ಏನಂತಾಳೋ ನಾನೂ ನೋಡ್ಬೇಕು,” ಎಂದರು.

ಅವರು ಜಗಳಕ್ಕೆ ಬರುತ್ತಾರೋ, ಸೊಸೆಗಾಗಿ ಬರುತ್ತಾರೋ, ಇಲ್ಲವೇ ಇಷ್ಟು ವರ್ಷ ಹೆಸರಿಲ್ಲದೆ ಹೊತ್ತದ್ದನ್ನು ಇಳಿಸಲು ಒಂದು ಜಾಗ ಹುಡುಕಿಕೊಂಡು ಬರುತ್ತಾರೋ, ನಾನು ಹೇಳಲಾರೆ. ಬರುತ್ತಾರೆ, ಪಾರೂಗೆ ಸೋಮವಾರ ತಪ್ಪುವುದಿಲ್ಲ. ಅವತ್ತಿನ ಮಟ್ಟಿಗೆ ತಾಯಿ ಕೊಟ್ಟದ್ದು ಇಷ್ಟು, ಇದನ್ನು ನಾನೊಬ್ಬಳೇ ಎಣಿಸಿಕೊಂಡೆ, ಪಾರೂಗೆ ಹೇಳಲು ಹೋಗಲಿಲ್ಲ. ಅವಳು ಗೋಡೆಯ ಬಳಿಯಿಂದ ಏಳಲಿಲ್ಲ. ಏಳಲಿಲ್ಲವಲ್ಲ ಎಂದು ನಾನೂ ಏನನ್ನೂ ಅಂದುಕೊಳ್ಳಲಿಲ್ಲ. ಮಾಳಿಗೆಯ ಮೇಲೆ ಒಣಹಾಕಿದ ಬಟ್ಟೆಗಳು ಬಿಸಿಲಿಗೆ ಗರಿಗರಿಯಾಗಿ ಹೋಗಿದ್ದವು; ತೆಗೆದುಕೊಂಡು ಬರಲು ಮೆಟ್ಟಿಲು ಹತ್ತಿದೆ.