ಡಬಲ್ ಬೇಸ್‌ಗೆ ನರ ಕಟ್ಟಿದ ಪಿಂಜಾರ ಕಾಕಾ

ಪಿಂಜಾರ ಕಾಕಾನ ಹುಬ್ಬುಗಳು ಕಪ್ಪಗಿದ್ದವೋ ಬೆಳ್ಳಗಿದ್ದವೋ ನನಗೆ ಎಂಟು ವರ್ಷ ತುಂಬುವವರೆಗೂ ಗೊತ್ತಿರಲಿಲ್ಲ. ಹುಬ್ಬು, ರೆಪ್ಪೆ, ಗಡ್ಡ, ಕಿವಿಯ ಮೇಲಿನ ಕೂದಲು ಎಲ್ಲದರ ಮೇಲೂ ಹತ್ತಿಯ ನವಿರು ಎಳೆಗಳು ಕೂತಿರುತ್ತಿದ್ದವು. ಒಂದು ಶುಕ್ರವಾರ ನಮಾಜು ಮುಗಿಸಿ, ತೊಳೆದ ಮುಖದಲ್ಲಿ ಬೈಲಹೊಂಗಲದ ಪೇಟೆಯಲ್ಲಿ ಎದುರಾದರು. ಕಪ್ಪು ಹುಬ್ಬಿನ ಆ ಮನುಷ್ಯ, "ಏನ ತಂಗೆವ್ವಾ, ಗುರುತ ಹತ್ತಲಿಲ್ಲೇನು?" ಎಂದಾಗ ನಾನು ಹೆದರಿ ಅಪ್ಪನ ಧೋತರದ ಹಿಂದೆ ಅಡಗಿದೆ.

"ಸಾವುಕಾರ್ರ, ನಿಮ್ಮ ಮಗಳನ್ನ ನೋಡಾಕ ಇನ್ನ ಮ್ಯಾಲ ಹತ್ತಿ ಹಚಗೊಂಡ ಬರಬೇಕಾತು ನೋಡ್ರಿ" ಎಂದು ಅವರು ನಕ್ಕದ್ದು ಇನ್ನೂ ಕೇಳಿಸುತ್ತದೆ.

ನಮ್ಮದು ಹತ್ತಿ ವ್ಯಾಪಾರದ ಮನೆ. ಸುಗ್ಗಿ ಮುಗಿದ ಮೇಲೆ ಪ್ರತಿ ವರ್ಷ ಕಾಕಾ ತಮಗಿಂತ ಉದ್ದದ ಬಿಲ್ಲನ್ನು ಹೆಗಲ ಮೇಲೆ ಹೊತ್ತು ಬಂದು, ಗಾದಿ ತಲೆದಿಂಬುಗಳ ಹಳೆಯ ಹತ್ತಿಯನ್ನು ಬಿಚ್ಚಿ ಹಿಂಜಿಕೊಡುತ್ತಿದ್ದರು. ಬಿಲ್ಲಿಗೆ ಬಿಗಿದ ನರವನ್ನು ಕಟ್ಟಿಗೆಯ ಕೊಡತಿಯಿಂದ ಬಡಿದರೆ 'ಟೊಂಯ್' ಎಂದು ನಾದ ಎದ್ದು, ಗಂಟುಗಟ್ಟಿದ ಹತ್ತಿ ನೊರೆಯಾಗಿ ಹಾರುತ್ತಿತ್ತು. ನಡುನಡುವೆ ಒಂದು ಚೂರು ಬೆಲ್ಲ ಬಾಯಿಗೆ ಹಾಕಿಕೊಳ್ಳುತ್ತಿದ್ದರು, ಗಂಟಲಿಗೆ ಹೋದ ಹತ್ತಿ ಇಳಿಯಲೆಂದು. "ಯಾಕ ಅದನ್ನ ಹೊಡೀತೀರಿ ಕಾಕಾ?" ಎಂದು ಕೇಳಿದರೆ, "ಹೊಡಿಯೂದಲ್ಲ ತಂಗೆವ್ವಾ, ಮಾತಾಡಸೂದು. ನರ ಮಾತಾಡಿದರ ಹತ್ತಿ ತಾನ ಬಿಡತೈತಿ" ಎನ್ನುತ್ತಿದ್ದರು.

ಆ ನರ ಕುರಿಯ ಕರುಳನ್ನು ತೊಳೆದು ಹೊಸೆದು ಒಣಗಿಸಿದ್ದು. ಅಪ್ಪನಿಗೆ ಅದು ಗೊತ್ತಿತ್ತು. ಅಪ್ಪನ ತಾಯಿ, ನಮ್ಮ ಆಯಿಗೆ ಮಾತ್ರ ಯಾರೂ ಹೇಳಿರಲಿಲ್ಲ. ನಮ್ಮದು ಲಿಂಗವಂತರ ಮನೆ. ಆಯಿ ಇರುವಾಗ ಮಾಂಸದ ಗಾಳಿಯೂ ಹೊಸ್ತಿಲು ದಾಟುವಂತಿರಲಿಲ್ಲ.

ಅಪ್ಪ ನನ್ನನ್ನು ಬೆಳಗಾವಿಯ ಕಾನ್ವೆಂಟ್ ಬೋರ್ಡಿಂಗಿಗೆ ಹಾಕಿದ್ದರು. ಹದಿನೈದರಲ್ಲಿ ನಾನು ಇಡೀ ಕ್ಲಾಸಿಗೆ ಎತ್ತರ. ಆ ಒಂದೇ ಕ್ವಾಲಿಫಿಕೇಶನ್ ಮೇಲೆ ಮ್ಯೂಸಿಕ್ ಸಿಸ್ಟರ್ ನನ್ನನ್ನು ಡಬಲ್ ಬೇಸ್ ಪಕ್ಕ ನಿಲ್ಲಿಸಿದರು. ಆಳೆತ್ತರದ ವಯಲಿನ್ ಅನ್ನಿ, ನಿಂತುಕೊಂಡೇ ನುಡಿಸಬೇಕು. ಅದರ ದನಿ ಕಿವಿಗಿಂತ ಮೊದಲು ಪಾದಕ್ಕೆ ತಾಕುತ್ತಿತ್ತು. ಐ ವಾಸ್ ಲಾಸ್ಟ್, ಅಷ್ಟೇ ಹೇಳಬಲ್ಲೆ.

ಅಷ್ಟರಲ್ಲಿ ಯುರೋಪಿನಲ್ಲಿ ಮಹಾಯುದ್ಧ ಹತ್ತಿತು. ವಿಲಾಯತಿಯಿಂದ ಬರುತ್ತಿದ್ದ ಕರುಳಿನ ತಂತಿಗಳು ನಿಂತುಹೋದವು. ಬೇಸಿನ ನಾಲ್ಕು ತಂತಿಗಳಲ್ಲಿ ತಾಮ್ರ ಸುತ್ತಿದ ದಪ್ಪನೆಯದೊಂದು ಉಳಿದು, ಮೂರು ಒಂದರ ಹಿಂದೊಂದು ಕಡಿದವು. ನನ್ನನ್ನು ಇನ್ನೆರಡು ವರ್ಷ ಇಟ್ಟುಕೊಂಡು ಮ್ಯೂಸಿಕ್ ಟೀಚರ್ ಮಾಡಬೇಕೆಂದಿದ್ದ ಸಿಸ್ಟರ್ ಕೈಚೆಲ್ಲಿದರು. ವಾದ್ಯವೇ ಮೂಕವಾದರೆ ನನ್ನನ್ನು ಯಾವ ನೆಪದಲ್ಲಿ ಇಟ್ಟುಕೊಳ್ಳಲಿ ಎಂದರು. ಇತ್ತ ಆಯಿ ಮುರಗೋಡದಲ್ಲಿ ನನಗೆ ಗಂಡು ನೋಡಿಯಾಗಿತ್ತು.

ಅಪ್ಪ ಸಿಸ್ಟರ್ ಒಪ್ಪಿಗೆ ಪಡೆದು ಬೇಸನ್ನು ಚಕ್ಕಡಿಯಲ್ಲಿ ಹುಲ್ಲಿನ ಮೇಲೆ ಮಲಗಿಸಿ, ನನ್ನೊಂದಿಗೆ ರಜೆಗೆ ಊರಿಗೆ ತಂದರು. "ಅವ್ವಾ, ರಜಾ ಮುಗಿಯೂದರಾಗ ಇದನ್ನ ಬಾರಿಸಿ ತೋರಿಸಿದ್ಲಂದ್ರ ಸಾಲಿಗೆ ಹೋಗ್ಲಿ. ಇಲ್ಲಾಂದ್ರ ಮುರಗೋಡದವರಿಗೆ ಹೂಂ ಅನ್ನೂಣು."

"ಅಷ್ಟ ದೊಡ್ಡ ಪೆಟಿಗಿ ತಬ್ಬಿಗೊಂಡ ನಿಂತರ ಈಕಿನ್ನ ಯಾರ ಮಾಡಿಕೋತಾರೋ!" ಎಂದರು ಆಯಿ. ಆದರೂ ಒಪ್ಪಿದರು. ತಂತಿ ಎಲ್ಲಿಂದ ಬಂದೀತು ಎಂಬ ಧೈರ್ಯ ಅವರದು.

ಬೇಸನ್ನು ಹತ್ತಿ ಮೂಟೆ ಪೇರಿಸುವ ವಖಾರದಲ್ಲಿ ಗೋಡೆಗೆ ಆನಿಸಿ ಇಟ್ಟು ಅಪ್ಪ ಕಾಕಾನನ್ನು ಕರೆಸಿದರು. ಕಾಕಾ ಅದರ ಸುತ್ತ ಎರಡು ಸುತ್ತು ಹಾಕಿದರು, ಬೆರಳ ಗೆಣ್ಣಿನಿಂದ ಹೊಟ್ಟೆಯನ್ನು ತಟ್ಟಿ ಕಿವಿಗೊಟ್ಟರು. "ನನ್ನ ಬಿಲ್ಲಿಗೆ ಹೊಟ್ಟೀನ ಇಲ್ಲ, ಬರೇ ಗಂಟಲಾ. ಇದಕ್ಕ ಹೊಟ್ಟೀನ ಗಂಟಲಾ ನೋಡ್ರಿ ಸಾವುಕಾರ್ರ!"

ಮರುದಿನ ಹದಿನಾಲ್ಕು ನರ ತಂದರು. ಒಂದೊಂದನ್ನೂ ಕಣ್ಣು ಮುಚ್ಚಿ ಹೆಬ್ಬೆರಳು ತೋರುಬೆರಳ ನಡುವೆ ಉದ್ದಕ್ಕೂ ಎಳೆದರು. ಗಂಟು ಸಿಕ್ಕಿದ್ದು, ನಡುವೆ ಚಪ್ಪಟೆಯಾದದ್ದು ಬದಿಗೆ ಬಿತ್ತು. ಉಳಿದದ್ದರ ಒಂದು ತುದಿಯನ್ನು ನನ್ನ ಕೈಗೆ ಕೊಟ್ಟು, ಇನ್ನೊಂದನ್ನು ತಾವು ಹಿಡಿದು, ಕಿಡಕಿಯ ಬೆಳಕಿಗೆ ಬಿಗಿಯಾಗಿ ಎಳೆದು ಮೀಟಿದರು.

"ಎಷ್ಟ ಗೆರಿ ಕಾಣತಾವ?"

"ಎರಡರಿ."

"ಇದು ಖರೇದು, ಇಡು. ಇದರಾಗ?"

"ಎರಡರ ನಡುವ ಇನ್ನೊಂದ ನಡಗತೈತ್ರಿ ಕಾಕಾ."

"ಸುಳ್ಳ ನರ. ಹತ್ತಿ ಹಿಂಜಾಕ ನಡೀತೈತಿ, ಹಾಡಾಕ ಬರೂದಿಲ್ಲ."

ಸಿಸ್ಟರ್ ಕೂಡ ಅಂಥದಕ್ಕೆ 'ಫಾಲ್ಸ್ ಸ್ಟ್ರಿಂಗ್' ಎನ್ನುತ್ತಿದ್ದರು. ಕಾಕಾಗೆ ಇಂಗ್ಲಿಷಿನ ಒಂದಕ್ಷರ ಬರುತ್ತಿರಲಿಲ್ಲ. ಹದಿನಾಲ್ಕರಲ್ಲಿ ಗೆದ್ದು ನಿಂತದ್ದು ಮೂರೇ ಮೂರು.

ಕಟ್ಟಿದ ಮೇಲೆ ಪಳಗಿಸುವ ಕೆಲಸ. ದಿನಕ್ಕೊಮ್ಮೆ ಬಂದು, ಕುಸುಬಿ ಎಣ್ಣೆ ಹಚ್ಚಿದ ಅರಿವೆಯಿಂದ ನರವನ್ನು ಮೇಲಿಂದ ಕೆಳಗೆ ಒರೆಸಿ, ಅದನ್ನು ಬಿಗಿಯುವ ಗೂಟವನ್ನು ಒಂದೇ ಒಂದು ಎಳ್ಳಿನಷ್ಟು ತಿರುವುತ್ತಿದ್ದರು. ಮರುದಿನ ನೋಡಿದರೆ ಅದು ಮತ್ತೆ ಸಡಿಲ. ನನಗೆ ಅಳು ಬರುತ್ತಿತ್ತು. "ಅದಕ್ಕಿನ್ನಾ ತಾ ಕುರಿ ಹೊಟ್ಟ್ಯಾಗ ಅದೇನಿ ಅಂತನ ಅನಸತೈತಿ, ಒಳಗ ಜಗ್ಗತೈತಿ" ಎಂದು ಕಾಕಾ ನಗುತ್ತಿದ್ದರು. "ಸಾವಕಾಶ ತಿಳಿಸಿ ಹೇಳಬೇಕು. ಹತ್ತ ದಿನಾ ಕೊಡು. ಅಲ್ಲೀಮಟಾ ಗೂಟ ಮುಟ್ಟಬ್ಯಾಡ."

ನಾನು ಮುಟ್ಟಿದೆ. ಏಳನೆಯ ದಿನ, ಮುರಗೋಡದವರಿಗೆ ಆಯಿ ಬರಹೇಳಿದ್ದಾರೆಂಬ ಮಾತು ಅಡುಗೆಮನೆಯಿಂದ ಕೇಳಿಬಂತು. ನೇರ ವಖಾರಕ್ಕೆ ಓಡಿ, ಸ್ವರ ಕೊಡುವ ಟ್ಯೂನಿಂಗ್ ಫೋರ್ಕನ್ನು ಮೊಣಕಾಲಿಗೆ ಬಡಿದುಕೊಂಡು, ಸಣ್ಣ ನರದ ಗೂಟವನ್ನು ತಿರುವುತ್ತ ಹೋದೆ. ಪಿಚ್ ಸರಿಯಾಗಿ ಸಿಕ್ಕಿತು, ಪರ್ಫೆಕ್ಟ್! ಅರ್ಧ ನಿಮಿಷ ಮಾತ್ರ. ಆಮೇಲೆ ಸಣ್ಣಗೆ ನರಳಿದಂಥ ಸದ್ದು, ಹಿಂದೆಯೇ ಫಟ್ ಎಂದು ಕಡಿದು ನನ್ನ ಮುಂಗೈ ಮೇಲೆ ಬಾಸುಂಡೆ ಎಬ್ಬಿಸಿತು.

ಕಾಕಾ ಬಂದು ನೋಡಿದರು. ಮೊದಲು ನನ್ನ ಕೈ ಹಿಡಿದು ಎಣ್ಣೆ ಸವರಿದರು.

"ಸಿಟ್ಟ ಬಂತೇನ್ರಿ ಕಾಕಾ?"

"ಸಿಟ್ಯಾಕ? ಕಡಿಯೂಕಿಂತ ಮದಲ ಅದು ಹೇಳಿರಬೇಕಲ್ಲ?"

"ಹೇಳಿತ್ರಿ. ನಾ ಕೇಳಲಿಲ್ಲ."

"ಇನ್ನ ಮ್ಯಾಲ ಕೇಳ್ತಿ" ಎಂದರು. ಅಷ್ಟೇ.

ಹೊಸದು ಹೊಸೆದು ಒಣಗಿ ಪಳಗಲು ತಿಂಗಳು ಬೇಕು. ರಜೆ ಉಳಿದದ್ದು ಐದು ದಿನ. ಕಾಕಾ ಸ್ವಲ್ಪ ಹೊತ್ತು ಬಾಗಿಲಲ್ಲಿ ಕೂತು ಬೆಲ್ಲ ಚೀಪಿದರು. ಆಮೇಲೆ ಎದ್ದು, ಗೋಡೆಗಿಟ್ಟಿದ್ದ ತಮ್ಮ ಬಿಲ್ಲನ್ನು ತೊಡೆಯ ಮೇಲೆ ಅಡ್ಡ ಹಾಕಿಕೊಂಡು, ಅದರ ನರವನ್ನು ಬಿಚ್ಚತೊಡಗಿದರು. ಅದು ಅವರ ದುಡಿಮೆಯ ಕಾಲ. ಅವರಲ್ಲಿದ್ದದ್ದು ಅದೊಂದೇ ಬಿಲ್ಲು. ತಂದಿದ್ದ ಉಳಿದ ನರಗಳನ್ನು ಆಗಲೇ ಕಸುಬಿನವರಿಗೆ ಹಂಚಿಯಾಗಿತ್ತು.

"ಬ್ಯಾಡ್ರಿ ಕಾಕಾ, ನಿಮ್ಮ ಕೆಲಸರೀ?"

"ಕಟಕೋಳಕ್ಕ ಹೋಗಿ ಕರುಳ ತಂದ ಮತ್ತ ಹೊಸೀತೇನಿ. ಅಲ್ಲೀತನಕಾ ಊರ ಮಂದಿ ಗಂಟಿನ ಗಾದಿ ಮ್ಯಾಲ ಮಲಗ್ಲಿ, ಯಾರೂ ಸಾಯೂದಿಲ್ಲ. ಇದು ಆರ ವರ್ಷ ಕೊಡತಿ ಏಟ ತಿಂದೈತಿ ತಂಗೆವ್ವಾ. ನಿನ್ನ ಕೈಗೆಲ್ಲಾ ಹೆದರೂ ಪೈಕಿ ಅಲ್ಲ."

ನಿಜವೇ. ಬೆಳಕಿಗೆ ಹಿಡಿದು ಮೀಟಿದಾಗ ಎರಡೇ ಗೆರೆ ತೋರಿದ ಆ ನರ, ಕಟ್ಟಿದ ಎರಡೇ ದಿನದಲ್ಲಿ ಸಡಿಲಾಗದೆ ಸ್ವರದಲ್ಲಿ ನಿಂತಿತು.

ರಜೆಯ ಕೊನೆಯ ದಿನ ಆಯಿ ವಖಾರಕ್ಕೆ ಬಂದು ಹತ್ತಿ ತುಂಬಿದ ಅಂಡಿಗೆಯ ಮೇಲೆ ಕೂತರು. ನಾನು ಬೇಸ್ ಹಿಡಿದು ನಿಂತೆ. ಆಯಿ ನರಗಳತ್ತ ಕಣ್ಣು ಕಿರಿದು ಮಾಡಿ, "ಇದೇನು, ಹತ್ತಿ ದಾರಾನ?" ಎಂದು ಕೇಳಿದರು. ಅಪ್ಪ ನೆಲ ನೋಡುತ್ತ "ಹೂಂ ಅವ್ವಾ" ಎಂದರು.

ಬಾಗಿಲ ಹೊರಗಿಂದ ಕಾಕಾ, "ಅಲ್ರಿ ಅವ್ವಾರ. ಕುರಿ ಕರುಳು" ಎಂದರು.

ಆಯಿಯ ಕೈ ಎದೆಯ ಮೇಲಿನ ಲಿಂಗಕ್ಕೆ ಹೋಯಿತು. "ನನ್ನ ಮಮ್ಮಗಳ ಕೈಯಾಗ ಕುರಿ ಕರುಳ ಕೊಟ್ಟಿ ಏನೋ?"

"ಕೊಟ್ಟೇನ್ರಿ. ಸುಳ್ಳ ಹೇಳಿ ಕಳಸಬಾರದಂತ ಹೇಳಾಕತ್ತೇನಿ. ಇಷ್ಟ ವರ್ಷ ನೀವು ಕೇಳಲಿಲ್ಲ, ನಾ ಹೇಳಲಿಲ್ಲ. ನೀವು ಮಲಗೂ ಗಾದಿ ಹಿಂಜಿದ್ದೂ ಇಂಥಾದರಾಗನ. ನಿಮ್ಮ ದೀಪದ ಬತ್ತಿಗಂತ ವರ್ಷಾ ಒಂದ ಬುಟ್ಟಿ ಹತ್ತಿ ಬ್ಯಾರೆ ತಗದ ಕೊಡತಿದ್ನಲ್ಲ, ಅದೂ ಇಂಥಾದರಾಗನ. ತಪ್ಪಂದ್ರ ನನ್ನ ಬಯ್ರಿ, ಮನಿಗೆ ಬರಬ್ಯಾಡ ಅನ್ರಿ. ಹುಡುಗಿ ಸಾಲಿ ಬಿಡಸಬ್ಯಾಡ್ರಿ."

ಆಯಿ ಲಿಂಗದ ಮೇಲಿನ ಕೈಯನ್ನು ಮಡಿಲಿಗೆ ಇಳಿಸಿದರು. ತಮಗೆ ತಾವೇ ಹೇಳಿಕೊಂಡಂತೆ, "ಇಷ್ಟ ವರ್ಷ ದೀಪ ಒಂದ ದಿನಾನೂ ಹತ್ತೂದಿಲ್ಲ ಅಂದಿಲ್ಲ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಬಾರಸ ಹಂಗಾರ."

ಕಾನ್ವೆಂಟಿನ ಪ್ರಾರ್ಥನೆಯ ಒಂದು ನಿಧಾನದ ರಾಗವನ್ನು ನುಡಿಸಿದೆ. ಮೂರೂ ನರಗಳು ಸ್ವರದಲ್ಲೇ ನಿಂತವು. ಮುಗಿದಾಗ ಆಯಿ ಮಂಡಿ ಹಿಡಿದುಕೊಂಡು ಎದ್ದರು. "ಈಯೂ ಎಮ್ಮಿ ಒದರಿದಂಗ ಐತಿ" ಎಂದರು. "ಆದರ ಕೇಳಸತೈತಿ. ಏ, ಮುರಗೋಡಕ್ಕ ಹೇಳಿ ಕಳಸೋ, ಹುಡುಗಿ ಸಾಲಿಗೆ ಹೊಂಟಾಳಂತ."

ಅಂದಿನಿಂದ ಆಯಿ ಬತ್ತಿಯ ಹತ್ತಿಯನ್ನು ತಾವೇ ಕೈಯಿಂದ ಬಿಡಿಸಿಕೊಳ್ಳುತ್ತಿದ್ದರು. ಗಾದಿಯನ್ನು ಮಾತ್ರ ಕಾಕಾನೇ ಹಿಂಜಬೇಕು ಎಂದು ಹಟ ಹಿಡಿದರು.

ನಾನು ಬೆಳಗಾವಿಗೆ ಹೊರಟ ಬೆಳಿಗ್ಗೆ ಕಾಕಾ ಬೀಳ್ಕೊಡಲು ಬರಲಿಲ್ಲ. ಕರುಳು ತರಲು ಕಟಕೋಳದ ಹಾದಿ ಹಿಡಿದಿದ್ದರು. ಥ್ಯಾಂಕ್ಸ್ ಹೇಳಲು ದೀಪಾವಳಿಯ ರಜೆಯವರೆಗೆ ಕಾಯಬೇಕಾಯಿತು. ಅವರು ಯಾರದೋ ಅಂಗಳದಲ್ಲಿ ಹೊಸ ನರದಿಂದ ಹಿಂಜುತ್ತಿದ್ದರು. ಹಾದಿಯುದ್ದಕ್ಕೂ ಕನ್ನಡದಲ್ಲಿ ಮಾತು ಜೋಡಿಸಿಕೊಂಡು ಹೋಗಿದ್ದೆ. ಎದುರು ನಿಂತಾಗ, "ಭಾಳ ಉಪಕಾರ ಆತ್ರಿ ಕಾಕಾ" ಎಂದಷ್ಟೇ ಬಂತು.

ಆ ಚಳಿಗಾಲದಲ್ಲೇ ಅವರು ತೀರಿಕೊಂಡರೆಂದು ಅಪ್ಪನ ಕಾಗದ ಬಂತು. ಹಾಗಾಗಿ ಅಂಗಳದಲ್ಲಿ ಅವರು ಆಡಿದ್ದೇ ನನ್ನ ಪಾಲಿನ ಕೊನೆಯ ಮಾತು. ಕೊಡತಿ ನಿಲ್ಲಿಸಿ, ನನ್ನನ್ನು ಮೇಲಿಂದ ಕೆಳಗೆ ನೋಡಿ ಹೇಳಿದ್ದರು: "ಉಪಕಾರ ಗಿಪಕಾರ ನನಗ ತಿಳಿಯೂದಿಲ್ಲ. ಸಾಲಿ ತೆರದಮ್ಯಾಲ ಮತ್ತ ಹೊಂಟಿಯಲ್ಲ? ಹೋಗು."

ಹೋದೆ. ಮೂವತ್ತೊಂದು ವರ್ಷ ಹುಡುಗಿಯರಿಗೆ ಮ್ಯೂಸಿಕ್ ಕಲಿಸಿ, ಪೆನ್ಶನ್ ಬಂದ ಮೇಲೆಯೇ ಮನೆಗೆ ಮರಳಿದೆ.